ತುಟಿ ಎತ್ತಿ ನೋಡಿ: ಮನೆಯ ನಾಯಿ, ಬೆಕ್ಕು, ಮೊಲದ ಹಲ್ಲಿನ ವಿಚಾರ

ನಾನು ಡಾಕ್ಟರಲ್ಲ, ಹಿಡಿದುಕೊಳ್ಳುವವನು. ಕೊಡಗಿನ ಗೋಣಿಕೊಪ್ಪದ ಕಡೆ ಒಬ್ಬ ಪಶುವೈದ್ಯರ ಹತ್ತಿರ 22 ವರ್ಷ ಸಹಾಯಕನಾಗಿದ್ದೆ. ಡಾಕ್ಟರು ನೋಡುವಾಗ ಪ್ರಾಣಿಯ ಬಾಯಿ ನನ್ನ ಕೈಯಲ್ಲಿರುತ್ತಿತ್ತು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಕಲೆ ಇವೆ. ಒಂದು ಬೆಕ್ಕಿನದು, ಇನ್ನೊಂದು ಮೊಲದ್ದು. ನಾಯಿಯದು ಒಂದೂ ಇಲ್ಲ ಅಂದರೆ ಯಾರೂ ನಂಬುವುದಿಲ್ಲ.

ಆ 22 ವರ್ಷದಲ್ಲಿ ಅತಿ ಹೆಚ್ಚು ಕೇಳಿದ ಮಾತು ಒಂದೇ. "ಊಟ ಮಾಡ್ತಾ ಇದೆಯಲ್ಲ, ಬಾಯಿಗೇನಾಗಿರುತ್ತೆ?" ಊಟ ಮಾಡುತ್ತದೆ, ನಿಜ. ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದರೂ ನಾಯಿ ತಟ್ಟೆ ನೆಕ್ಕಿ ಖಾಲಿ ಮಾಡುತ್ತದೆ. ಒಂದೇ ಬದಿಯಲ್ಲಿ ಅಗಿಯುತ್ತದೆ, ಅಥವಾ ಅಗಿಯದೇ ನುಂಗುತ್ತದೆ. ಊಟ ಬಿಡುವುದು ಕಟ್ಟಕಡೆಗೆ.

ಇದನ್ನು ನನಗೆ ಕಲಿಸಿದ್ದು ನಮ್ಮ ಮನೆಯ ಕರಿಯ. ಒಂದು ಕೈಲ್ ಮುಹೂರ್ತದ ದಿನ ಹಂದಿಯ ತೊಡೆ ಮೂಳೆ ಹಾಕಿದ್ದೆ. ಹಬ್ಬ ಅವನಿಗೂ ಬೇಕಲ್ವಾ ಅಂತ. ಎರಡು ಮೂರು ವಾರ ಬಿಟ್ಟು ಬಲಗಣ್ಣಿನ ಕೆಳಗೆ ಗೋಲಿಯಷ್ಟು ಊತ. ಕಣಜ ಕಚ್ಚಿದೆ ಅಂದುಕೊಂಡೆ. ಅರಿಶಿನ ಹಚ್ಚಿದೆ. ಊತ ಒಡೆದು ಕೀವು ಬಂತು, ಮಾಯಿತು. ತಿಂಗಳಾಗುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಊದಿತು. ಡಾಕ್ಟರು ಮುಖ ನೋಡಲೇ ಇಲ್ಲ, ನೇರ ತುಟಿ ಎತ್ತಿದರು. ಮೇಲಿನ ದೊಡ್ಡ ಹಲ್ಲಿನ ಹೊರಮೈ ಸೌದೆ ಸೀಳಿದ ಹಾಗೆ ಎದ್ದುಹೋಗಿತ್ತು. ದಿನಾ ಬೇರೆಯವರ ನಾಯಿಯ ಬಾಯಿ ಹಿಡಿಯುವವನು ನನ್ನ ನಾಯಿಯ ತುಟಿ ಎತ್ತಿರಲಿಲ್ಲ.

ಆ ಹಲ್ಲು ಮೇಲಿನ ನಾಲ್ಕನೇ ಮುಂದವಡೆ ಹಲ್ಲು. ಅದಕ್ಕೆ ಮೂರು ಬೇರು. ಬೇರಿನ ತುದಿ ಹೆಚ್ಚುಕಡಿಮೆ ಕಣ್ಣಿನ ಕೆಳಗೇ ಬರುತ್ತದೆ. ಅದಕ್ಕೇ ಹಲ್ಲಿನ ಕೀವು ಕಣ್ಣಿನ ಕೆಳಗೆ ಒಡೆಯುವುದು. ಕೀಳುವಾಗ ಹಲ್ಲನ್ನು ಮೂರು ತುಂಡು ಮಾಡಿ ಒಂದೊಂದೇ ಬೇರು ತೆಗೆಯಬೇಕಾಯಿತು. ಈಗ ನಾನು ಮೂಳೆಗೆ ಒಂದು ಪರೀಕ್ಷೆ ಇಟ್ಟಿದ್ದೇನೆ. ಉಗುರಿನಿಂದ ಬಲವಾಗಿ ಒತ್ತಿದರೆ ಸ್ವಲ್ಪವಾದರೂ ಗುರುತು ಬೀಳಬೇಕು. ಬೀಳದಿದ್ದರೆ ಅದು ಹಲ್ಲಿಗಿಂತ ಗಟ್ಟಿ ಅಂತಲೇ ಲೆಕ್ಕ. ಬೇಯಿಸಿದ ಮೂಳೆ ಅಂತೂ ಬೇಡವೇ ಬೇಡ, ಚೂಪಾಗಿ ಸೀಳುತ್ತದೆ.

ಈಗ ನೋಡುವ ಕ್ರಮ. ವಾರಕ್ಕೊಮ್ಮೆ ಸಾಕು. ನಾಯಿಗೆ ಏನೂ ಆಗಿಲ್ಲದ ದಿನವೇ ಶುರು ಮಾಡಿ. ನೋವಿರುವ ದಿನ ಮೊದಲ ಸಲ ಬಾಯಿಗೆ ಕೈ ಹಾಕಿದರೆ ಕಚ್ಚಿಸಿಕೊಳ್ಳುತ್ತೀರಿ.

ನಾಯಿಯ ಎದುರು ನಿಲ್ಲಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ, ಅದರ ಹಿಂಭಾಗ ಗೋಡೆಯ ಮೂಲೆಗೆ ಇರಲಿ. ಒಂದು ಕೈ ಗದ್ದದ ಕೆಳಗೆ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೇಲ್ದುಟಿ ಎತ್ತಿ. ಬಾಯಿ ತೆರೆಯಬೇಡಿ, ಮುಚ್ಚಿದ್ದಾಗಲೇ ಮುಕ್ಕಾಲು ಪಾಲು ಕಾಣುತ್ತದೆ. ಮುಂದಿನ ಸಣ್ಣ ಹಲ್ಲು, ಕೋರೆಹಲ್ಲು ನೋಡಿ. ಆಮೇಲೆ ತುಟಿಯ ಮೂಲೆಯನ್ನು ಕಿವಿಯ ಕಡೆಗೆ ಎಳೆಯಿರಿ. ದೊಡ್ಡ ಹಲ್ಲು ಅಲ್ಲಿದೆ. ಕಂದು ಬಣ್ಣದ ಕಲ್ಲು ಮೊದಲು ಕಟ್ಟುವುದೂ ಅಲ್ಲೇ, ಯಾಕಂದರೆ ಜೊಲ್ಲಿನ ಒಂದು ನಾಳ ಆ ಹಲ್ಲಿನ ಪಕ್ಕದಲ್ಲೇ ತೆರೆಯುತ್ತದೆ. ಮೂಗನ್ನೂ ಬಳಸಿ. "ನಾಯಿ ಬಾಯಿ ವಾಸನೆ ಇರೋದೇ" ಅನ್ನುತ್ತಾರೆ. ಕೊಳೆತ ವಾಸನೆ ಇದ್ದರೆ ಅದು ರೋಗ, ಸ್ವಭಾವ ಅಲ್ಲ.

ದೊಡ್ಡ ನಾಯಿಗೆ 42 ಹಲ್ಲು, ಮರಿಗೆ 28 ಹಾಲುಹಲ್ಲು. ಎಣಿಸಲು ಕೂರಬೇಡಿ, ನಾನೂ ಎಣಿಸಿಲ್ಲ. ಎಡ ಬಲ ಒಂದೇ ತರ ಇದೆಯಾ ನೋಡಿದರೆ ಸಾಕು. ಹಾಲುಹಲ್ಲು ನಾಲ್ಕರಿಂದ ಆರು ತಿಂಗಳ ನಡುವೆ ಬೀಳುತ್ತವೆ. ಪೊಮೇರಿಯನ್‌ನಂಥ ಸಣ್ಣ ಜಾತಿಗಳಲ್ಲಿ ಹಾಲುಕೋರೆ ಬೀಳದೆ ಹೊಸ ಕೋರೆಯ ಪಕ್ಕದಲ್ಲೇ ನಿಂತುಬಿಡುತ್ತದೆ. ಏಳು ತಿಂಗಳಾದರೂ ಒಂದೇ ಜಾಗದಲ್ಲಿ ಎರಡು ಕೋರೆ ಇದ್ದರೆ ತೆಗೆಸಿ. ನಡುವೆ ಅನ್ನ ಸಿಕ್ಕಿ ಕೊಳೆಯುತ್ತದೆ, ಹೊಸ ಹಲ್ಲು ಓರೆಯಾಗುತ್ತದೆ.

ವಸಡು ನೋಡುವುದು ಹಲ್ಲಿಗಿಂತ ಮುಖ್ಯ. ಗುಲಾಬಿ ಇರಬೇಕು. ಕಪ್ಪು ಮಚ್ಚೆ ಹುಟ್ಟಿನಿಂದ ಇದ್ದರೆ ತೊಂದರೆಯಿಲ್ಲ, ಗಂಟು ಎದ್ದಿದ್ದರೆ ತೋರಿಸಿ. ಹಲ್ಲಿನ ಅಂಚಿನಲ್ಲಿ ಕೆಂಪು ಗೆರೆ ಬಂದಿದ್ದರೆ ಅದು ಮೊದಲ ಹಂತ. ಆಗ ಸ್ವಚ್ಛ ಮಾಡಿಸಿದರೆ ವಸಡು ಮೊದಲಿನಂತಾಗುತ್ತದೆ. ವಸಡು ಜಾರಿ ಬೇರು ಕಂಡಿತೋ, ಒಳಗಿನ ಮೂಳೆ ಕರಗಿದೆ ಅಂತ ಅರ್ಥ. ಕರಗಿದ್ದು ಹಾಗೇ ವಾಪಸ್ ಬರುವುದಿಲ್ಲ. ಸಣ್ಣ ಜಾತಿಯ ಮುದಿ ನಾಯಿಗಳಲ್ಲಿ ಕೆಳದವಡೆ ಎಷ್ಟು ಸವೆದಿರುತ್ತದೆ ಅಂದರೆ ಸ್ವಲ್ಪ ಪೆಟ್ಟಿಗೇ ಮುರಿಯುತ್ತದೆ.

ಇಲ್ಲಿ ನಮ್ಮ ಕಡೆಯದೇ ಒಂದು ಗೊಂದಲ ಇದೆ. ಮಳೆಗಾಲದಲ್ಲಿ ನಾಯಿಯ ಒಂದು ಹೊಳ್ಳೆಯಿಂದ ರಕ್ತ ಬಂದರೆ ಎಲ್ಲರೂ ಜಿಗಣೆ ಅನ್ನುತ್ತಾರೆ. ಬಹಳ ಸಲ ಜಿಗಣೆಯೇ. ಆದರೆ ಸಿದ್ದಾಪುರದ ಕಡೆಯಿಂದ ಒಂದು ಮುದಿ ಡ್ಯಾಶ್‌ಹುಂಡ್ ಬಂದಿತ್ತು. ಮಳೆ ಹೋಗಿ ಕಾಫಿ ಕೊಯ್ಲು ಶುರುವಾದರೂ ಸೀನು ನಿಂತಿರಲಿಲ್ಲ. ಒಂದೇ ಹೊಳ್ಳೆಯಲ್ಲಿ ಸಿಂಬಳ, ಆಗಾಗ ರಕ್ತ. ನಾನು ತುಟಿ ಎತ್ತಿ ಹಿಡಿದೆ, ಡಾಕ್ಟರು ಕೋರೆಯ ಪಕ್ಕದಲ್ಲಿ ಸಣ್ಣ ಕಡ್ಡಿ ಇಳಿಸಿದರು. ಇಳಿಯುತ್ತಲೇ ಹೋಯಿತು. ಮೂಗಿನಿಂದ ರಕ್ತ ತೊಟ್ಟಿಕ್ಕಿತು. ಮೇಲ್ಕೋರೆಯ ಬೇರು ಹೊರಗೆ ಕಾಣುವ ಹಲ್ಲಿಗಿಂತ ಉದ್ದ. ಅದಕ್ಕೂ ಮೂಗಿಗೂ ನಡುವೆ ಇರುವುದು ತೆಳ್ಳಗಿನ ಮೂಳೆ. ಅದು ತೂತಾಗಿತ್ತು. ಊಟ? ಚೆನ್ನಾಗಿ ಮಾಡುತ್ತಿತ್ತು.

ಹಲ್ಲುಜ್ಜುವ ವಿಷಯ ಹೇಳಿದರೆ ಜನ ನಗುತ್ತಾರೆ. "ಅಲ್ಲಪ್ಪಾ, ನಾಯಿಗೆ ಹಲ್ಲುಜ್ಜೋಕೆ ಆಳು ಇಡ್ಲಾ?" ಅಂತ ಒಬ್ಬರು ಹಿರಿಯರು ಕೇಳಿದ್ದರು. ಬೇಡ, ಅರ್ಧ ನಿಮಿಷದ ಕೆಲಸ. ಬೆರಳಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಹಲ್ಲಿನ ಹೊರಮೈ ಮಾತ್ರ ಉಜ್ಜಿ. ಒಳಮೈಯನ್ನು ನಾಲಿಗೆ ಒಂದಿಷ್ಟು ನೋಡಿಕೊಳ್ಳುತ್ತದೆ. ಅಭ್ಯಾಸ ಆದ ಮೇಲೆ ಮಕ್ಕಳ ಮೆತ್ತನೆ ಬ್ರಷ್. ದಿನಾ ಆದರೆ ಒಳ್ಳೆಯದು, ದಿನ ಬಿಟ್ಟು ದಿನ ಆದರೂ ಸರಿ. ಹಲ್ಲಿನ ಮೇಲಿನ ಲೋಳೆ ಕೆಲವೇ ದಿನದಲ್ಲಿ ಕಲ್ಲಾಗುತ್ತದೆ, ಕಲ್ಲಾದ ಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ. ನಮ್ಮ ಪೇಸ್ಟ್ ಹಾಕಬೇಡಿ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಇರುವ ಜೈಲಿಟಾಲ್ ನಾಯಿಗೆ ವಿಷ. ಇದ್ದಿಲು, ಉಪ್ಪು ಬೇಡ. ಚಾಕುವಿನ ತುದಿಯಿಂದ ಕಲ್ಲು ಕೆರೆದು ಕೀಳುವವರನ್ನೂ ನೋಡಿದ್ದೇನೆ. ಹಲ್ಲು ಬೆಳ್ಳಗೆ ಕಾಣುತ್ತದೆ, ವಸಡಿನ ಒಳಗಿನ ಕೊಳೆ ಅಲ್ಲೇ ಇರುತ್ತದೆ. ಆ ಕೆಲಸ ಮತ್ತಿನ ಮದ್ದು ಕೊಟ್ಟೇ ಆಗಬೇಕು.

ಇನ್ನೊಂದು ಮಾತು, ಇದನ್ನು ಬಿಟ್ಟು ಬೇರೆಲ್ಲ ಮರೆತರೂ ಪರವಾಗಿಲ್ಲ. ತೋಟದ ನಾಯಿಗಳು ಕಪಾತು ಮಾಡಿದ, ಅಂದರೆ ಸವರಿ ಹಾಕಿದ, ಕಾಫಿ ಗಿಡದ ಕಡ್ಡಿ ಅಗಿಯುತ್ತವೆ. ತುಂಡು ಮೇಲಂಗಳಕ್ಕೆ ಅಡ್ಡವಾಗಿ, ಎರಡು ದೊಡ್ಡ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನಾಯಿ ಜೊಲ್ಲು ಸುರಿಸುತ್ತದೆ, ಕಾಲಿನಿಂದ ಬಾಯಿ ಕೆರೆಯುತ್ತದೆ. ಹುಚ್ಚುನಾಯಿ ರೋಗವೂ ಹೀಗೇ ಕಾಣಬಹುದು. ರೇಬಿಸ್‌ನ ಒಂದು ಬಗೆಯಲ್ಲಿ ನಾಯಿ ಕಚ್ಚಲು ಬರುವುದೇ ಇಲ್ಲ. ಸುಮ್ನೆ ಮೂಲೆ ಸೇರುತ್ತದೆ, ಕೆಳದವಡೆ ಜೋತುಬಿದ್ದಿರುತ್ತದೆ, ನುಂಗಲಾಗುವುದಿಲ್ಲ. "ಗಂಟಲಲ್ಲಿ ಮೂಳೆ ಸಿಕ್ಕಿದೆ, ತೆಗೆದುಕೊಡಿ" ಅಂತಲೇ ಕರೆತರುತ್ತಾರೆ. ಲಸಿಕೆ ಹಾಕಿಸಿದ್ದು ಖಚಿತ ಇಲ್ಲದ ನಾಯಿ ಹೀಗೆ ಮಾಡಿದರೆ ಕೈ ಹಾಕಬೇಡಿ. ಕೋಣೆಗೆ ಸೇರಿಸಿ ಬಾಗಿಲು ಹಾಕಿ, ಡಾಕ್ಟರಿಗೆ ಫೋನ್ ಮಾಡಿ. ಜೊಲ್ಲು ಗಾಯಕ್ಕೋ, ಕಣ್ಣು ಬಾಯಿಗೋ ತಾಗಿದ್ದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಗಾಯಕ್ಕೆ ಸೋಪು ಹಾಕಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿ.

ಬೆಕ್ಕಿನದು 30 ಹಲ್ಲು, ಸಾವಿರ ಕೋಪ. ಟವೆಲ್‌ನಲ್ಲಿ ಪತ್ರೊಡೆ ಸುತ್ತಿದ ಹಾಗೆ ಸುತ್ತಿ, ತಲೆ ಮಾತ್ರ ಹೊರಗೆ. ಹಿಂದಿನಿಂದ ಕೆನ್ನೆಯ ಮೂಳೆ ಹಿಡಿದು ತುಟಿ ಎತ್ತಿ. ಹಲ್ಲು ವಸಡಿಗೆ ಸೇರುವ ಕಡೆ ಗುಲಾಬಿ ಚುಕ್ಕೆ, ಅಥವಾ ವಸಡೇ ಹಲ್ಲಿನ ಮೇಲೆ ಹತ್ತಿದ ಹಾಗೆ ಕಂಡರೆ ಹಲ್ಲು ತಾನೇ ಕರಗುತ್ತಿದೆ ಅಂತ ಅನುಮಾನಪಡಿ. ಬೆಕ್ಕುಗಳಲ್ಲಿ ಇದು ಸಾಮಾನ್ಯ, ನೋವೂ ಜಾಸ್ತಿ. ಅಲ್ಲಿ ಮುಟ್ಟಿದರೆ ದವಡೆ ಗಡಗಡ ಅನ್ನುತ್ತದೆ. ಮೀನಿನ ತಲೆಗೆ ಓಡಿ ಬಂದು, ಒಂದು ಸಲ ಕಚ್ಚಿ, ಉಸ್ ಅಂದು ಹಿಂದೆ ಸರಿಯುವ ಬೆಕ್ಕಿನ ಬಾಯಿ ನೋಡಲೇಬೇಕು. ಗಂಟಲ ಹತ್ತಿರ ಕೆಂಡದ ಹಾಗೆ ಕೆಂಪಾಗುವ ಇನ್ನೊಂದು ಕಾಯಿಲೆ ಇದೆ. ಅದಕ್ಕೆ ಕೆಲವೊಮ್ಮೆ ದವಡೆ ಹಲ್ಲನ್ನೆಲ್ಲ ಕೀಳಿಸುತ್ತಾರೆ. ಹೆದರಬೇಡಿ, ಹಲ್ಲಿಲ್ಲದ ಬೆಕ್ಕು ಅನ್ನ ಮೀನು ಕಲಸಿಕೊಟ್ಟರೆ ಆರಾಮಾಗಿ ತಿನ್ನುತ್ತದೆ.

ಮೊಲಕ್ಕೆ ಬರೋಣ. ಹೋಂಸ್ಟೇಗಳಲ್ಲಿ ಮಕ್ಕಳಿಗಾಗಿ ಬಿಳಿ ಮೊಲ ಸಾಕುವುದು ಈಗ ಜಾಸ್ತಿ. ಗೆಸ್ಟ್‌ಗಳು ಬ್ರೆಡ್, ಬಿಸ್ಕತ್ತು, ಕ್ಯಾರೆಟ್ ತಿನ್ನಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಮೊಲದ ಬಾಯಿ ಹಾಳಾಗುವುದು ಇದರಿಂದಲೇ. ಅದರ 28 ಹಲ್ಲೂ ಸಾಯುವವರೆಗೆ ಬೆಳೆಯುತ್ತವೆ. ಮುಂದಿನವು ವಾರಕ್ಕೆ ಎರಡು ಮೂರು ಮಿಲಿಮೀಟರ್. ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅರೆದರೆ ಮಾತ್ರ ಬೆಳೆದಷ್ಟೂ ಸವೆಯುತ್ತದೆ. ಬಿಸ್ಕತ್ತು ಅರೆಯಲು ಏನಿದೆ? ಸವೆಯದ ಹಲ್ಲಿನ ಅಂಚು ಮುಳ್ಳಾಗುತ್ತದೆ. ಕೆಳಗಿನ ಮುಳ್ಳು ನಾಲಿಗೆಗೆ, ಮೇಲಿನದು ಕೆನ್ನೆಗೆ ಚುಚ್ಚುತ್ತದೆ.

ಮನೆಯಲ್ಲಿ ನಿಮಗೆ ಕಾಣುವುದು ಮುಂದಿನ ಹಲ್ಲು ಮಾತ್ರ. ಮೇಲಿನದು ಕೆಳಗಿನದರ ಮುಂದೆ ಬರಬೇಕು. ಮೇಲಿನ ಜೋಡಿಯ ಹಿಂದೆ ಗೂಟದಂಥ ಇನ್ನೆರಡು ಪುಟ್ಟ ಹಲ್ಲು ಇರುತ್ತವೆ, ಅದನ್ನು ರೋಗ ಅಂದುಕೊಳ್ಳಬೇಡಿ. ದವಡೆ ಹಲ್ಲು ಕಾಣದ ಕಾರಣ ಬೇರೆ ಗುರುತು ಹುಡುಕಬೇಕು. ಗದ್ದ ಒದ್ದೆಯಾ? ಮುಂಗಾಲಿನ ಒಳಗಡೆ ರೋಮ ಅಂಟಿದೆಯಾ? ಒಂದು ಕಣ್ಣಲ್ಲಿ ನೀರು ಸುರಿಯುತ್ತಿದೆಯಾ? ಮೇಲಿನ ಹಲ್ಲಿನ ಬೇರು ಹಿಂದಕ್ಕೆ ಬೆಳೆದು ಕಣ್ಣೀರಿನ ನಾಳವನ್ನು ಒತ್ತುವುದುಂಟು. ಹಿಕ್ಕೆ ಸಣ್ಣದಾಗಿದೆಯಾ? ಕೆಳದವಡೆಯ ಅಂಚಿನ ಮೇಲೆ ಬೆರಳಾಡಿಸಿ, ಎರಡೂ ಬದಿ. ಗಂಟು ಸಿಕ್ಕಿದರೆ ಕೀವುಗಟ್ಟಿರಬಹುದು. ಮೊಲದ ಕೀವು ಗಟ್ಟಿ ಮೊಸರಿನಂತೆ ಇರುತ್ತದೆ. ಸೂಜಿ ಚುಚ್ಚಿದರೆ ಇಳಿಯುವುದಿಲ್ಲ, ಆಪರೇಷನ್ನೇ ಬೇಕು.

ಉದ್ದವಾದ ಮುಂದಿನ ಹಲ್ಲನ್ನು ಉಗುರು ಕಟರ್‌ನಿಂದ ಕತ್ತರಿಸಬೇಡಿ. ನಾನು ಒಂದು ಸಲ ಕತ್ತರಿಸಿದ್ದೇನೆ. ಡಾಕ್ಟರು ರಜೆಯಲ್ಲಿದ್ದರು, ನನಗೆ ಗೊತ್ತು ಅನ್ನುವ ಧೈರ್ಯ. ಟಕ್ ಅಂತು, ಹಲ್ಲು ಬುಡದವರೆಗೆ ಉದ್ದಕ್ಕೆ ಸೀಳಿತು. ಹೆಬ್ಬೆರಳಿನ ಕಲೆ ಆವತ್ತಿನದು. ಡಾಕ್ಟರು ಅದನ್ನು ತಿರುಗುವ ಗಾಲಿಯಿಂದ ಉಜ್ಜಿ ಸರಿಮಾಡುತ್ತಾರೆ. ಮೊಲವನ್ನು ಎತ್ತುವಾಗ ಕಿವಿ ಹಿಡಿಯಬೇಡಿ, ಹಿಂಗಾಲಿಗೆ ಕೈ ಆಸರೆ ಕೊಡಿ. ಒದ್ದಾಡಿದರೆ ಬೆನ್ನುಮೂಳೆಯೇ ಮುರಿಯಬಹುದು.

ನಮ್ಮಲ್ಲಿ ಕಷ್ಟ ಒಣಹುಲ್ಲಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೂಸಲು ಹಿಡಿಯುತ್ತದೆ, ಹುಲ್ಲಿನ ಗತಿ ಕೇಳಬೇಕಾ. ಮಳೆ ಬಿಟ್ಟ ಮೇಲೆ, ಕಾಫಿ ಕೊಯ್ಲಿಗೆ ಮೊದಲು ಕಣ ಖಾಲಿ ಇರುತ್ತದೆ. ಆಗ ಗಿನಿ ಹುಲ್ಲು ಕೊಯ್ದು ಕಣದಲ್ಲಿ ಒಣಗಿಸಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಡಿ. ಮಳೆಗಾಲದಲ್ಲಿ ಕೊಯ್ದ ಹಸಿ ಹುಲ್ಲನ್ನು ನೀರು ಒದರಿ ಕೊಟ್ಟರೂ ಆಗುತ್ತದೆ. ಭತ್ತದ ಹುಲ್ಲು ಹಲ್ಲು ಸವೆಸುತ್ತದೆ, ಆದರೆ ಸತ್ವ ಕಡಿಮೆ, ಅದೊಂದೇ ಸಾಲದು. ಬೂಸಲು ಬಂದದ್ದು ಯಾವುದೂ ಬೇಡ.

ಗಿನಿಪಿಗ್‌ಗೆ 20 ಹಲ್ಲು, ಎಲ್ಲವೂ ಬೆಳೆಯುತ್ತವೆ. ಕೆಳಗಿನ ದವಡೆ ಹಲ್ಲು ಎರಡೂ ಬದಿಯಿಂದ ಬೆಳೆದು ನಾಲಿಗೆಯ ಮೇಲೆ ಸೇತುವೆ ಕಟ್ಟಿಬಿಡುತ್ತವೆ, ಆಮೇಲೆ ನುಂಗಲಾಗುವುದಿಲ್ಲ. ನಮ್ಮ ಹಾಗೆ ಅದರ ಮೈಯೂ ವಿಟಮಿನ್ ಸಿ ತಯಾರಿಸಿಕೊಳ್ಳುವುದಿಲ್ಲ. ಸಿಗದಿದ್ದರೆ ಹಲ್ಲು ಅಲ್ಲಾಡುತ್ತದೆ, ವಸಡಲ್ಲಿ ರಕ್ತ. ದಿನಾ ದಪ್ಪ ಮೆಣಸಿನಕಾಯಿಯ ಒಂದು ಹೋಳು ಕೊಡಿ, ಹಿತ್ತಲಲ್ಲಿ ಸೀಬೆ ಇದ್ದರೆ ಆಗಾಗ ಒಂದು ಚೂರು. ಇಲಿ, ಹ್ಯಾಮ್‌ಸ್ಟರ್‌ಗಳ ಮುಂದಿನ ಹಲ್ಲು ಹಳದಿ ಇಲ್ಲವೇ ಕಿತ್ತಳೆ ಬಣ್ಣ ಇದ್ದರೆ ಅದೇ ಸರಿ. ಪಂಜರದಲ್ಲಿ ಸಾಕುವ ಪುಟ್ಟ ಬಜರಿಗರ್ ಗಿಳಿಗಳ ಕೊಕ್ಕಿನ ಬುಡದಲ್ಲಿ ಜೇನುಗೂಡಿನಂಥ ಹಕ್ಕಳೆ ಎದ್ದರೆ ಅದು ನುಸಿ, ಮದ್ದಿದೆ. ಕಾಡಿನ ಗಿಳಿ, ನಕ್ಷತ್ರ ಆಮೆಯ ಬಗ್ಗೆ ನನ್ನನ್ನು ಕೇಳಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅವನ್ನು ಸಾಕುವಂತಿಲ್ಲ. ಗಾಯಗೊಂಡದ್ದು ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಿ.

ಹಲ್ಲಿನ ಎಕ್ಸ್‌ರೇ ಬೇಕೆಂದರೆ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕಾಗಬಹುದು. ಹೊರಡುವ ಮೊದಲು ಫೋನ್ ಮಾಡಿ, ಮೊಲ ನೋಡುತ್ತೀರಾ ಅಂತ ಕೇಳಿ. ಎಲ್ಲರೂ ನೋಡುವುದಿಲ್ಲ. ತಿನ್ನುವಾಗಿನ ವಿಡಿಯೋ ಒಂದು ತೆಗೆದಿಟ್ಟುಕೊಳ್ಳಿ, ಮೇಜಿನ ಮೇಲೆ ಯಾವ ಪ್ರಾಣಿಯೂ ಮನೆಯಂತೆ ತಿನ್ನುವುದಿಲ್ಲ. ಮತ್ತಿನ ಮದ್ದು ಕೊಡುವುದಾದರೆ ನಾಯಿ, ಬೆಕ್ಕಿಗೆ ಎಷ್ಟು ಹೊತ್ತು ಉಪವಾಸ ಅಂತ ಡಾಕ್ಟರೇ ಹೇಳುತ್ತಾರೆ. ಮೊಲಕ್ಕೂ ಗಿನಿಪಿಗ್‌ಗೂ ಹಾಗೆ ಉಪವಾಸ ಹಾಕಬಾರದು. ಮೊಲಕ್ಕೆ ವಾಂತಿಯೇ ಬರುವುದಿಲ್ಲ, ಹೊಟ್ಟೆ ಖಾಲಿಯಾದರೆ ಕರುಳು ನಿಂತುಹೋಗುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಬುಟ್ಟಿಯಲ್ಲಿ ಅದರ ಹುಲ್ಲನ್ನೂ ಒಂದು ಹಿಡಿ ಹಾಕಿಕೊಂಡು ಹೊರಡಿ.