ಕೊಡೆಯ ತೂತು, ಅಂಗಿಯ ಮೇಲಿನ ಬಿಸಿಲು

ಆ ಫೋಟೊದಲ್ಲಿ ಅಪ್ಪ ಸುಡುಬಿಸಿಲಲ್ಲಿ ಕೊಡೆ ಬಿಡಿಸಿಕೊಂಡು ನಿಂತಿದ್ದಾರೆ. ಎಲ್ಲಿಗೂ ಹೊರಟಿದ್ದಲ್ಲ. ತಾವೇ ತೇಪೆ ಹಾಕಿದ ಕೊಡೆಯಲ್ಲಿ ಇನ್ನೂ ಎಲ್ಲಿ ತೂತು ಉಳಿದಿದೆ ಎಂದು ತಲೆಯೆತ್ತಿ ಹುಡುಕುತ್ತಿದ್ದಾಗ ಯಾರೋ ಕ್ಲಿಕ್ಕಿಸಿದ್ದು. ಅಂಗಿಯ ಮೇಲೆ ಏಳೆಂಟು ಬಿಳಿ ಚುಕ್ಕೆಗಳಿವೆ. ಫೋಟೊಗೆ ಬೂಷ್ಟು ಹಿಡಿದಿದೆ ಎಂದೇ ನಾವೆಲ್ಲ ಎಷ್ಟೋ ವರ್ಷ ಅಂದುಕೊಂಡಿದ್ದೆವು. ಸ್ಕ್ಯಾನ್ ಮಾಡಿ ಹಿಗ್ಗಿಸಿ ನೋಡಿದಾಗ ಗೊತ್ತಾಯಿತು, ಅದು ಕೊಡೆಯ ತೂತಿನಿಂದ ಇಳಿದ ಬಿಸಿಲು. ಸಣ್ಣ ತೂತು ಹೇಗೇ ಹರಿದಿರಲಿ, ಕೆಳಗೆ ಬೀಳುವ ಚುಕ್ಕೆ ಮಾತ್ರ ದುಂಡಗೇ ಇರುತ್ತದೆ. ಪ್ರತಿ ಚುಕ್ಕೆಯೂ ಸೂರ್ಯನದೇ ಪುಟ್ಟ ಬಿಂಬ. ಇದನ್ನು ಕೌದಿ ಮಾಡಬೇಕು ಅನ್ನಿಸಿದ್ದು ಆ ಚುಕ್ಕೆಗಳಿಂದ.

ಹೊದೆಯುವ ಕೌದಿಯಲ್ಲ, ಗೋಡೆಗೆ ತೂಗುಹಾಕುವಂಥದ್ದು. ಕಟ್ಟುವ ರೀತಿ ಮಾತ್ರ ಅದೇ: ಮೇಲ್ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರಿ, ಮೂರನ್ನೂ ಹಿಡಿದಿಡುವ ಹೊಲಿಗೆ.

ಮೊದಲು ಸುಲಭದ ದಾರಿ ಹಿಡಿದೆ. ಲೇಸರ್ ಪ್ರಿಂಟ್ ತೆಗೆಸಿ, ಬಟ್ಟೆಗೆ ಅಕ್ರಿಲಿಕ್ ಜೆಲ್ ಬಳಿದು, ಪ್ರಿಂಟನ್ನು ಬೋರಲು ಅಂಟಿಸಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಗ್ಗೆ ನೀರು ಚಿಮುಕಿಸಿ ಬೆರಳಿನಿಂದ ಉಜ್ಜುತ್ತ ಹೋದರೆ ಕಾಗದ ಎಳೆಎಳೆಯಾಗಿ ಸುರುಳಿ ಬಂದು, ಚಿತ್ರ ಬಟ್ಟೆಯಲ್ಲೇ ಉಳಿಯಿತು. ಖುಷಿಯಿಂದ ಅಮ್ಮನಿಗೆ ತೋರಿಸಿದೆ.

“ಯಾರೇ ಇದು?”

“ಅಪ್ಪ ಅಲ್ವಾ ಅಮ್ಮ?”

“ಅವರು ಎಡಗೈಲಿ ಕೊಡೆ ಹಿಡಿದಿದ್ದು ನಾನು ಯಾವತ್ತೂ ನೋಡಿಲ್ಲ ಕಣೆ.”

ಹೌದಲ್ಲ! ಬೋರಲು ಅಂಟಿಸಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಅಂಗಿಯ ಜೇಬೂ ಬಲಕ್ಕೆ ಬಂದಿತ್ತು. ಪ್ರಿಂಟ್ ತೆಗೆಸುವ ಮುಂಚೆಯೇ ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುಗಿಸಿಕೊಳ್ಳಬೇಕಿತ್ತು. ಅದನ್ನು ಸರಿಪಡಿಸಬಹುದಿತ್ತು ಬಿಡಿ. ಆದರೆ ಜೆಲ್ ಬಳಿದ ಬಟ್ಟೆ ರೆಕ್ಸಿನ್ ಹಾಗೆ ಬಿರುಸಾಗಿತ್ತು. ಸೂಜಿ ಅಂಟಂಟಾಗುತ್ತಿತ್ತು, ಒಮ್ಮೆ ಚುಚ್ಚಿದರೆ ತೂತು ಮುಚ್ಚುತ್ತಲೇ ಇರಲಿಲ್ಲ. ಅಲ್ಲಿಗೆ ಅದನ್ನು ಬಿಟ್ಟೆ.

ಆಮೇಲೆ ಕೈಗೆತ್ತಿಕೊಂಡದ್ದು ಸಯನೋಟೈಪ್, ಅಂದರೆ ದ್ರಾವಣ ಬಳಿದ ಬಟ್ಟೆಗೆ ಬಿಸಿಲು ತಾಗಿಸಿ ನೀಲಿ ಚಿತ್ರ ಮೂಡಿಸುವುದು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ. ಮರುವರ್ಷವೇ ಅಲ್ಲಿನ ಸಸ್ಯವಿಜ್ಞಾನಿ ಆನಾ ಅಟ್ಕಿನ್ಸ್ ಕಡಲ ಪಾಚಿಗಳ ಅಚ್ಚುಗಳನ್ನು ಇದೇ ವಿಧಾನದಲ್ಲಿ ತೆಗೆದು ಪುಸ್ತಕ ಮಾಡಲು ಶುರುಮಾಡಿದರು. ನಾವು ಮಾತಿಗೆ ಮುಂಚೆ ‘ನೀಲನಕ್ಷೆ’ ಅನ್ನುತ್ತೇವಲ್ಲ, ಅದರ ನೀಲಿಯೂ ಇದೇ. ನನಗೆ ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಇಲ್ಲಿ ಬಣ್ಣ ಬಟ್ಟೆಯ ಮೇಲೆ ಕೂರುವುದಿಲ್ಲ, ಎಳೆಯೊಳಗೇ ಇಳಿಯುತ್ತದೆ. ಬಟ್ಟೆ ಬಟ್ಟೆಯಾಗಿಯೇ ಉಳಿಯುತ್ತದೆ.

ನಾನು ಬಳಸಿದ ಅಳತೆ ಹೀಗೆ. 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿ.ಲೀ. ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಬೇರೆಬೇರೆ ಕಪ್ಪು ಬಾಟಲಿಯಲ್ಲಿಟ್ಟು, ಬೇಕಾದಾಗ ಸಮಸಮ ಬೆರೆಸುವುದು. ಕೈಗವಸು ಹಾಕಲೇಬೇಕು. ಫೆರಿಸಯನೈಡಿನ ಹತ್ತಿರ ಆ್ಯಸಿಡ್ ಸುಳಿಯಬಾರದು, ವಿಷಾನಿಲ ಹುಟ್ಟಬಹುದು. ಅದಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಹತ್ತಿ ಬಟ್ಟೆಯನ್ನು ಮೊದಲೇ ಒಗೆದು ಗಂಜಿ ತೆಗೆದಿರಬೇಕು. ಮಂದ ಬೆಳಕಿನಲ್ಲಿ ದ್ರಾವಣ ಬಳಿದು, ಕತ್ತಲಲ್ಲಿ ಒಣಗಿಸಿದರೆ ಬಟ್ಟೆ ಹಳದಿ ಹಸಿರಾಗಿರುತ್ತದೆ. ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ಮಾಡಿದ ನೆಗೆಟಿವ್ ಅದರ ಮೇಲಿಟ್ಟು, ಗಾಜು ಒತ್ತಿ, ಬಿಸಿಲಿಗೆ. ನಡುಹಗಲಲ್ಲಿ ನನಗೆ ಹದಿನೈದು ನಿಮಿಷ ಸಾಕಾಯಿತು. ಬಿಸಿಲು ತಾಗಿದ ಕಡೆ ಬಟ್ಟೆ ಬೂದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ನೀರಿಗೆ ಹಾಕಿ ಹಳದಿ ಬಿಡುವುದು ನಿಲ್ಲುವ ತನಕ ಜಾಲಿಸಿದರೆ, ನೀಲಿಯೊಳಗಿಂದ ಮುಖ ಮೂಡಿ ಬರುತ್ತದೆ. ಎಷ್ಟು ಸಲ ಮಾಡಿದರೂ ಆ ಗಳಿಗೆ ಹಳತಾಗುವುದಿಲ್ಲ.

ಮನೆಯ ಪ್ರಿಂಟರಿನಲ್ಲಿ ಎ4ಗಿಂತ ದೊಡ್ಡದು ಬರುವುದಿಲ್ಲ. ಹಾಗಾಗಿ ಚಿತ್ರವನ್ನು ಒಂಬತ್ತು ತುಂಡು ಮಾಡಿದೆ. ಇಲ್ಲಿ ಎರಡು ಪೆದ್ದುತನ ಆಯಿತು. ಸುಮ್ಮನೆ ಮೂರು ಮೂರಾಗಿ ಗೆರೆ ಎಳೆದದ್ದರಿಂದ ಒಂದು ಗೆರೆ ಸರಿಯಾಗಿ ಅಪ್ಪನ ಮೂಗಿನ ಮೇಲೇ ಹಾದುಹೋಯಿತು. ಎರಡನೆಯದು, ಕೂಡುಹೊಲಿಗೆಗೆ ಒಳಗೆ ಮಡಚುವ ಬಟ್ಟೆಯ ಲೆಕ್ಕವನ್ನೇ ಮರೆತಿದ್ದೆ. ಒಂದೊಂದು ಅಂಚಿಗೆ 6 ಮಿ.ಮೀ. ಅಂದರೆ ಒಂದು ಕೂಡಿಕೆಯಲ್ಲಿ 12 ಮಿ.ಮೀ. ಚಿತ್ರ ನುಂಗಿಹೋಗುತ್ತದೆ. ನನ್ನ ಮೊದಲ ಕೂಡಿಕೆಯಲ್ಲಿ ಅರ್ಧ ಮೂಗು, ಒಂದು ಕಣ್ಣಿನ ಮೂಲೆ ಎರಡೂ ಕಾಣೆಯಾದವು. ಎರಡನೇ ಸಲ ಗೆರೆಗಳನ್ನು ಸರಿಸಿ, ಮುಖ ಇಡಿಯಾಗಿ ಒಂದೇ ತುಂಡಿನಲ್ಲಿ ಬರುವಂತೆ ಮಾಡಿದೆ. ಪ್ರತಿ ತುಂಡಿನಲ್ಲೂ ಪಕ್ಕದ ತುಂಡಿನ ಚೂರು ಚಿತ್ರ ಸೇರಿಸಿಯೇ ನೆಗೆಟಿವ್ ತೆಗೆದೆ.

ಒಂಬತ್ತು ತುಂಡೂ ಒಂದೇ ನೀಲಿ ಬರಲಿಲ್ಲ. ಬೆಳಗ್ಗೆ ಒಡ್ಡಿದ್ದು ತಿಳಿ, ನಡುಹಗಲಿನದು ಗಾಢ, ಮೋಡ ಬಂದಾಗಿನದು ಮಂಕು. ಎರಡನ್ನು ಮತ್ತೆ ಮಾಡಿದೆ. ಆಮೇಲೆ ಸಾಕೆನಿಸಿತು. ಬೆಸುಗೆಯೇ ಕಾಣದಿರುವ ನೀಲಿ ಬೇಕಿದ್ದರೆ ಅಂಗಡಿಯಲ್ಲಿ ಬಟ್ಟೆಯ ಮೇಲೆ ಡಿಜಿಟಲ್ ಪ್ರಿಂಟ್ ತೆಗೆಸಿದರಾಯಿತು, ಕೌದಿ ಯಾಕೆ?

ಇನ್ನು ಚುಕ್ಕೆಗಳ ಕಥೆ. ಶುರುವಿನ ದಿನಗಳಲ್ಲಿ ಪರೀಕ್ಷೆಗೆಂದು ಮಾಡಿದ ತುಂಡೊಂದನ್ನು ಅಭ್ಯಾಸಬಲದಿಂದ ಸೋಪಿನ ಪುಡಿಯಲ್ಲಿ ನೆನೆಹಾಕಿಬಿಟ್ಟಿದ್ದೆ. ಸ್ವಲ್ಪ ಹೊತ್ತಿನಲ್ಲಿ ನೀಲಿಯೆಲ್ಲ ಸತ್ತು ತೆಳು ಹಳದಿಯಾಗಿತ್ತು. ಕ್ಷಾರ ತಗುಲಿದರೆ ಈ ನೀಲಿ ಒಡೆದುಹೋಗುತ್ತದೆ. ಆ ತುಂಡು ಕಸಕ್ಕೆ ಹೋಯಿತು. ಅಂಗಿಯ ಚುಕ್ಕೆಗಳಿಗೆ ಬಂದಾಗ ಮೊದಲು ಬಿಳಿ ದಾರದಲ್ಲಿ ಕಸೂತಿ ಮಾಡಿ ನೋಡಿದೆ, ಗುಂಡಿ ಹೊಲಿದ ಹಾಗೆ ಕಂಡಿತು. ಬಿಳಿ ಬಣ್ಣ ಹಚ್ಚಿದರೆ ಸುಣ್ಣ ಸಿಡಿದಂತೆ. ಆಗ ಆ ಹಳದಿ ನೆನಪಾಯಿತು. ಚಿಟಿಕೆ ವಾಷಿಂಗ್ ಸೋಡಾವನ್ನು ನೀರಲ್ಲಿ ಕರಗಿಸಿ, ಸಣ್ಣ ಕುಂಚದ ತುದಿ ಅದ್ದಿ, ಕಾಗದಕ್ಕೆ ಒತ್ತಿ ಹಿಂಡಿ, ಇನ್ನೇನು ಒಣಗಿತು ಅನ್ನುವಂಥ ತುದಿಯನ್ನು ಅಂಗಿಯ ನೀಲಿಗೆ ಮುಟ್ಟಿಸಿದೆ. ಮೊದಲು ಏನೂ ಆಗಲಿಲ್ಲ. ಮತ್ತೆ ನಡುವಿನಲ್ಲಿ ಒಂದು ಮಸುಕು, ಅದು ಹಳದಿಗೆ ತಿರುಗುತ್ತ ಎಳೆಗಳ ಗುಂಟ ಹರಡಿ ಅಂಚು ಮೆತ್ತಗಾಯಿತು. ಬಿಸಿಲಿನ ಚುಕ್ಕೆಯ ಅಂಚೂ ಹಾಗೇ ಅಲ್ಲವೇ, ಗೀರಿದಂತೆ ಇರುವುದಿಲ್ಲ. ಸಾಕಷ್ಟು ಹರಡಿದ ಕೂಡಲೇ ಧಾರಾಳ ನೀರಿನಲ್ಲಿ ತೊಳೆದೆ. ಜೇಬಿನ ಹತ್ತಿರದ್ದೊಂದು ಸ್ವಲ್ಪ ತಡವಾಗಿ ಅಡಿಕೆಯಷ್ಟು ಅಗಲವಾಗಿದೆ, ಇರಲಿ.

ಕೊಡೆಗೆ ಮಾತ್ರ ಫೋಟೊದ ಕೊಡೆ ಬೇಡ, ನಿಜವಾದ ಕೊಡೆಬಟ್ಟೆಯೇ ಬೇಕೆಂದು ಹಟ ಹಿಡಿದೆ. ಅಪ್ಪ ಕೊನೆಗೆ ಬಳಸುತ್ತಿದ್ದ ಕೊಡೆ ಕಡ್ಡಿ ಮುರಿದು ಅಟ್ಟದಲ್ಲಿತ್ತು. ಒಂದೆಳೆ ಎಳೆದು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿದೆ. ಹತ್ತಿಯಾದರೆ ಬೂದಿ ಉದುರುತ್ತದೆ, ಇದು ಕರಗಿ ಗಟ್ಟಿ ಮಣಿಯಾಯಿತು. ಕರಗುವ ಬಟ್ಟೆ ಅಂದಮೇಲೆ ತೂತು ಮಾಡಲು ಕತ್ತರಿ ಯಾಕೆ? ಸೆರಾಮಿಕ್ ಟೈಲ್ ಮೇಲೆ ಹಾಸಿ, ಸೋಲ್ಡರಿಂಗ್ ಕಡ್ಡಿಯ ತುದಿ ತಾಗಿಸಿದರೆ ಕ್ಷಣದಲ್ಲಿ ತೂತು, ಅಂಚು ತಾನೇ ಕರಗಿ ಕೂಡಿಕೊಳ್ಳುವುದರಿಂದ ಎಳೆ ಬಿಡುವುದಿಲ್ಲ. ಹೊಗೆ ಕೆಟ್ಟದ್ದು. ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡೇ ಮಾಡಿದೆ. ತೂತುಗಳ ಅಡಿಗೆ ತೆಳು ಹಳದಿ ರೇಷ್ಮೆಯ ಚೂರುಗಳನ್ನಿಟ್ಟು ಹೊಲಿದೆ. ಒಂದು ತಪ್ಪು ಮಾಡಿದೆ: ಎಲ್ಲ ಜೋಡಿಸಿದ ಮೇಲೆ ಸುಕ್ಕು ತೆಗೆಯಲು ಹತ್ತಿಯ ಬಿಸಿಯಲ್ಲೇ ಇಸ್ತ್ರಿ ಇಟ್ಟೆ. ಕೊಡೆಯ ಎಡ ಅಂಚು ಮುರುಟಿ ಹಪ್ಪಳವಾಯಿತು. ಬಿಚ್ಚಿ ಬೇರೆ ತುಂಡು ಹಾಕಬೇಕಾಯಿತು.

ಮೂರು ಪದರಗಳಿಗೆ ಕಚ್ಚಾ ಹೊಲಿಗೆ ಹಾಕಿ, ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಿ, ಬಟ್ಟೆಯನ್ನು ಕೈಯಿಂದಲೇ ತಿರುಗಿಸುತ್ತ ಹೊಲಿದೆ. ಯಂತ್ರದ ವೇಗಕ್ಕಿಂತ ಕೈ ಮುಂದೆ ಓಡಿದರೆ ಹೊಲಿಗೆ ಉದ್ದ, ಹಿಂದೆ ಬಿದ್ದರೆ ಒತ್ತು. ಹಿನ್ನೆಲೆಗೆ, ಅಂಗಿಗೆ ಇದು ಸಲೀಸು. ಮುಖವೇ ಕಷ್ಟ. ಮೂಗಿನ ಗುಂಟ ಒಂದು ಗೆರೆ ಹಾಕಿದ್ದೇ ತಡ, ಅಪ್ಪ ಸಿಟ್ಟಾದಂತೆ ಕಂಡರು. ಕೆನ್ನೆಗೆ ಹಾಕಿದ್ದು ಗಾಯದ ಗುರುತಾಯಿತು. ಬಿಚ್ಚಿ, ಒದ್ದೆ ಬಟ್ಟೆಯಿಂದ ಒತ್ತಿ, ಉಗುರಿನಿಂದ ಸವರಿದಾಗ ತೂತುಗಳು ಕೂಡಿಕೊಂಡವು. ಜೆಲ್ ಆಗಿದ್ದರೆ ಅದೂ ಇಲ್ಲ. ಹಾಗೆಂದು ಮುಖ ಪೂರ್ತಿ ಬಿಟ್ಟರೆ, ಸುತ್ತಲಿನ ಒತ್ತು ಹೊಲಿಗೆಗೆ ಅದೊಂದೇ ದಿಂಬಿನಂತೆ ಉಬ್ಬಿ ನಿಲ್ಲುತ್ತದೆ. ಕೊನೆಗೆ 60 ನಂಬರಿನ ತೆಳು ನೀಲಿ ದಾರ ತೆಗೆದುಕೊಂಡು, ಗದ್ದದ ಕೆಳಗಿನ ನೆರಳಿನಲ್ಲಿ, ಕಿವಿಯ ಹಿಂದೆ, ಕೂದಲು ಶುರುವಾಗುವ ಅಂಚಿನಲ್ಲಿ ಕೈಯಿಂದ ಸಣ್ಣ ಹೊಲಿಗೆಗಳನ್ನು ಹಾಕಿದೆ. ಕಣ್ಣಿಗೆ ಸೂಜಿ ಮುಟ್ಟಿಸಲಿಲ್ಲ.

ಹಿಂಬದಿಗೆ ಕೋಲು ತೂರುವ ಚೀಲ ಹೊಲಿದು, ಕಿಟಕಿಯ ಎದುರು ಗೋಡೆಗೆ ಹಾಕಿದ್ದು ತಪ್ಪಾಯಿತು. ಬಿಸಿಲಲ್ಲಿ ಹುಟ್ಟಿದ ನೀಲಿ ಬಿಸಿಲಲ್ಲೇ ಮಾಸುತ್ತದೆ. ಆದರೆ ಕತ್ತಲಲ್ಲಿಟ್ಟರೆ ಮಾಸಿದ್ದು ಬಹುಪಾಲು ಮರಳಿ ಬರುತ್ತದೆ. ಈಗ ಮಡಚದೆ, ಹಳೆಯ ಪಂಚೆಯೊಂದರಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಗೋಡೆ ಖಾಲಿಯಾದದ್ದು ನೋಡಿ ಅಮ್ಮ ಎರಡು ಸಲ ಕೇಳಿಯಾಯಿತು, ಇನ್ನೆಷ್ಟು ದಿನ ಎಂದು.