ಪೋರ್ಟ್ರೇಟ್‌ಗೆ 50ಓ 85ಓ: ಟೇಪು ಹಿಡಿದು ಅಳೆದು ಆರಿಸಿದ್ದು

ಪೋರ್ಟ್ರೇಟ್ ಅಂದರೆ ವ್ಯಕ್ತಿಚಿತ್ರ ತೆಗೆಯಲು ನನ್ನ ಮುಂದಿದ್ದ ಎರಡು ಲೆನ್ಸ್: ನಿಕಾನ್ ಎಎಫ್-ಎಸ್ 50 ಎಂಎಂ ಎಫ್/1.4ಜಿ ಮತ್ತು ಎಎಫ್-ಎಸ್ 85 ಎಂಎಂ ಎಫ್/1.8ಜಿ. ಮೊದಲನೆಯದು 280 ಗ್ರಾಂ, 58 ಎಂಎಂ ಫಿಲ್ಟರ್; ಎರಡನೆಯದು 350 ಗ್ರಾಂ, 67 ಎಂಎಂ ಫಿಲ್ಟರ್. ಬಾಡಿ (ಕ್ಯಾಮೆರಾ) ಫುಲ್ ಫ್ರೇಮ್, ಅಂದರೆ ಹಳೆಯ 35 ಎಂಎಂ ಫಿಲಂನಷ್ಟು ದೊಡ್ಡ ಸೆನ್ಸರಿನದು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ದೊಡ್ಡದು. ‘1.4 ಅಂದ್ರೆ ಬ್ಲರ್ ಜಾಸ್ತಿ, ಅದನ್ನೇ ತಗೊಳ್ಳಿ’ ಅನ್ನುವವರೇ ಹೆಚ್ಚು. ಆ ಮಾತು ಎಷ್ಟು ನಿಜ ಅನ್ನುವುದು ನಿಮ್ಮ ಹಿನ್ನೆಲೆ ಎಷ್ಟು ದೂರದಲ್ಲಿದೆ ಅನ್ನುವುದರ ಮೇಲೆ ನಿಂತಿದೆ.

ತಲೆಯಿಂದ ಎದೆಯವರೆಗಿನ ಚಿತ್ರ ತೆಗೆದುಕೊಳ್ಳಿ, ಕ್ಯಾಮೆರಾ ನಿಲುವಾಗಿ. 50ರಲ್ಲಿ 1 ಮೀಟರ್ ದೂರದಿಂದ ಸಿಗುವ ಫ್ರೇಮ್ 85ರಲ್ಲಿ ಬೇಕಾದರೆ 1.7 ಮೀಟರ್ ದೂರ ನಿಲ್ಲಬೇಕು. ಆಗ 50 ಎಫ್/1.4ರಲ್ಲಿ ಶಾರ್ಪ್ ಆಗಿ ಕಾಣುವ ಆಳ ಸುಮಾರು 3.2 ಸೆಂ.ಮೀ., 85 ಎಫ್/1.8ರಲ್ಲಿ ಸುಮಾರು 4.1 ಸೆಂ.ಮೀ. ಇಷ್ಟೇ ನೋಡಿದರೆ 50 ಗೆದ್ದಂತೆ. ಆದರೆ ದೂರದ ಹಿನ್ನೆಲೆ ಎಷ್ಟು ಕರಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಅಪರ್ಚರಿನ ನಿಜವಾದ ಅಗಲ. 50ನ್ನು 1.4ರಿಂದ ಭಾಗಿಸಿದರೆ 36 ಮಿ.ಮೀ., 85ನ್ನು 1.8ರಿಂದ ಭಾಗಿಸಿದರೆ 47 ಮಿ.ಮೀ. ಅಂದರೆ ಹಿಂದಿನ ಮರಗಿಡ, ದೀಪಗಳ ಉರುಟು ಬಿಂಬ 85ರಲ್ಲಿ ಮೂರನೇ ಒಂದು ಪಾಲಿನಷ್ಟು ದೊಡ್ಡದು, ಮುಖದ ಶಾರ್ಪ್ ಭಾಗವೂ ಹೆಚ್ಚು.

ಗೋಡೆ ಹತ್ತಿರವಿದ್ದರೆ ಲೆಕ್ಕ ತಿರುಗುತ್ತದೆ. ಇದೇ ಫ್ರೇಮ್‌ನಲ್ಲಿ ವ್ಯಕ್ತಿಯ ಹಿಂದೆ ಸುಮಾರು 1.2 ಮೀಟರ್ ದೂರದ ಹಿನ್ನೆಲೆ ಎರಡರಲ್ಲೂ ಒಂದೇ ಸಮ ಮಸುಕಾಗುತ್ತದೆ. ಅದಕ್ಕಿಂತ ಹತ್ತಿರವಾದರೆ 50ರಲ್ಲಿ ಬ್ಲರ್ ಹೆಚ್ಚು, ದೂರವಾದರೆ 85ರಲ್ಲಿ. ಮನೆಯೊಳಗೆ ಸೋಫಾದ ಬೆನ್ನಿಗೇ ಗೋಡೆ ಇರುತ್ತದೆ. ಅಲ್ಲಿ 85ರ ದೊಡ್ಡ ಗಾಜಿಗೆ ಕೆಲಸವೇ ಇಲ್ಲ. ದೇವಸ್ಥಾನದ ಪ್ರಾಂಗಣ, ತೋಟ, ಕೆರೆ ಏರಿ ಅಂದರೆ ಅದಕ್ಕೆ ಎದುರಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ಟೇಪು ಹಿಡಿಯಿರಿ. ನಿಂತ ಆಳು ಪೂರ್ತಿ ಬರಬೇಕು, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಡಬೇಕು ಅಂದರೆ 50ಕ್ಕೆ 3 ಮೀಟರ್ ಬೇಕು, 85ಕ್ಕೆ 5 ಮೀಟರ್. 10×12 ಅಡಿಯ ಕೋಣೆಯ ಉದ್ದನೆಯ ಬದಿಯೇ 3.66 ಮೀಟರ್. ನೀವು ನಿಲ್ಲುವ ಜಾಗ, ಆಳಿನ ಹಿಂದಿನ ಜಾಗ ಕಳೆದರೆ 50ಕ್ಕೇ ಇಕ್ಕಟ್ಟು, 85ಕ್ಕೆ ಬಾಗಿಲಾಚೆ ಹೋಗಿ ನಿಲ್ಲಬೇಕು. 24-120ರಂಥ ಜೂಮ್ ಕೈಯಲ್ಲಿದ್ದರೆ ಅದನ್ನು 50ಕ್ಕೆ, 85ಕ್ಕೆ ಟೇಪು ಅಂಟಿಸಿ ಕೂರಿಸಿ, ಒಂದೊಂದರಲ್ಲಿ ಅರ್ಧ ದಿನ ಕೆಲಸ ಮಾಡಿ ನೋಡಿ. ಹಿಂದೆ ಸರಿಯಲು ಜಾಗವಿಲ್ಲದೆ ಎಷ್ಟು ಸಲ ನಿಂತಿರಿ ಅನ್ನುವುದನ್ನು ಲೆಕ್ಕವಿಡಿ.

ಇನ್ನು ಮುಖದ ಆಕಾರ. ಕಿವಿಗಿಂತ ಮೂಗಿನ ತುದಿ ಸುಮಾರು 12 ಸೆಂ.ಮೀ. ಮುಂದಿರುತ್ತದೆ. 1 ಮೀಟರಿನಿಂದ ನೋಡಿದರೆ ಕಿವಿಗೆ ಹೋಲಿಸಿ ಮೂಗು ಶೇಕಡಾ 12ರಷ್ಟು ಹಿಗ್ಗುತ್ತದೆ, 1.7 ಮೀಟರಿನಿಂದ ಶೇಕಡಾ 7. ಬರೀ ಮುಖ ತುಂಬುವಂತೆ ತೆಗೆಯಲು 50ನ್ನು ಅರ್ಧ ಮೀಟರಿಗೆ ಒಯ್ದರೆ ಇದು ಶೇಕಡಾ 25ರ ಹತ್ತಿರ ಹೋಗುತ್ತದೆ. ಆಗ ಕೆನ್ನೆ ಹಿಂದೆ ಸರಿಯುತ್ತದೆ, ಕಿವಿ ಕಿರಿದಾಗುತ್ತದೆ. ಎದುರಿನವರಿಗೆ ‘ಇದು ನಾನಲ್ಲ’ ಅನ್ನಿಸುವುದು ಇದರಿಂದಲೇ. ಹೀಗಾಗಿ 50ರಲ್ಲಿ ನಾನು ಎದೆಮಟ್ಟಕ್ಕಿಂತ ಬಿಗಿಯಾದ ಫ್ರೇಮ್ ಕಟ್ಟುವುದಿಲ್ಲ.

ತಪ್ಪು ಹೆಚ್ಚಾಗಿ ಆಗುವುದು ಫೋಕಸ್‌ನಲ್ಲಿ. ನಡುವಿನ ಬಿಂದುವಿನಲ್ಲಿ ಕಣ್ಣಿಗೆ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಕಟ್ಟುವ ಅಭ್ಯಾಸ ಹಲವರಿಗಿದೆ. 1 ಮೀಟರಿನಲ್ಲಿ ಕಣ್ಣು ನಡುವಿನಿಂದ 18 ಸೆಂ.ಮೀ. ಮೇಲೆ ಹೋಗುವಂತೆ ತಿರುಗಿಸಿದರೆ ಫೋಕಸ್ ತಲ ಕಣ್ಣಿನಿಂದ 1.6 ಸೆಂ.ಮೀ. ಹಿಂದೆ ಸರಿಯುತ್ತದೆ. ಕಣ್ಣಿನ ಮುಂದೆ ನಮಗಿದ್ದ ಆಳ ಸುಮಾರು ಅಷ್ಟೇ. ಹುಬ್ಬು ಮಸುಕು, ಕಣ್ಣಿಗಿಂತ ತುಸು ಹಿಂದಿನ ಕೆನ್ನೆ ಮಾತ್ರ ಶಾರ್ಪ್. ಅದೇ ತಿರುವು 85ರಲ್ಲಿ 1.7 ಮೀಟರಿನಿಂದ ಆದರೆ ಸರಿಯುವುದು 1 ಸೆಂ.ಮೀ. ಮಾತ್ರ; ಅಲ್ಲಿ ಎರಡು ಸೆಂ.ಮೀ. ಅವಕಾಶವಿದೆ. ಯಾವ ಲೆನ್ಸ್ ಆದರೂ ಫೋಕಸ್ ಬಿಂದುವನ್ನೇ ಕಣ್ಣಿನ ಮೇಲೆ ಸರಿಸಿ ಕ್ಲಿಕ್ ಮಾಡಿ. ಮುಖ 45 ಡಿಗ್ರಿ ತಿರುಗಿದ್ದರೆ ಎರಡು ಕಣ್ಣುಗಳ ನಡುವೆ ಸುಮಾರು 4.5 ಸೆಂ.ಮೀ. ಆಳ ವ್ಯತ್ಯಾಸ ಬರುತ್ತದೆ. ಎರಡೂ ಬೇಕೆಂದರೆ ಎಫ್/2.8ಕ್ಕೆ ಇಳಿಸಿ, ಆಳ 6.4 ಸೆಂ.ಮೀ. ಸಿಗುತ್ತದೆ. 85ರ ದೊಡ್ಡ ಅನುಕೂಲ ಇಲ್ಲಿದೆ: ಎಫ್/2.5ರಲ್ಲೂ ಅದರ ಅಪರ್ಚರ್ 34 ಮಿ.ಮೀ. ಅಗಲ, ಅಂದರೆ ದೂರದ ಹಿನ್ನೆಲೆ 50 ಪೂರ್ತಿ ತೆರೆದಾಗ ಕರಗುವಷ್ಟೇ ಕರಗುತ್ತದೆ.

ಪೂರ್ತಿ ತೆರೆದ 85ರಲ್ಲಿ ಒಂದು ಕಾಟವಿದೆ. ಮುಡಿದ ಮಲ್ಲಿಗೆ, ಸೀರೆಯ ಜರಿ ಅಂಚು, ಬಿಳಿ ಹರಳಿನ ಮೂಗುತಿ, ಹೀಗೆ ಹೊಳೆಯುವ ಅಂಚುಗಳಲ್ಲಿ ಫೋಕಸ್‌ಗಿಂತ ಮುಂದಿರುವುದಕ್ಕೆ ನೇರಳೆ, ಹಿಂದಿರುವುದಕ್ಕೆ ಹಸಿರು ಕಾಣಿಸುತ್ತದೆ. ಸಾಫ್ಟ್‌ವೇರ್‌ನಲ್ಲಿ ನೇರಳೆ ತೆಗೆಯಲು ಹೋದರೆ ನೇರಳೆ ರೇಷ್ಮೆಯ ಬಣ್ಣವೂ ಸೋರುತ್ತದೆ, ಬ್ರಷ್ ಹಿಡಿದು ಅಂಚಿಗಷ್ಟೇ ಹಚ್ಚಬೇಕು. ಎಫ್/2.8ಕ್ಕೆ ಬಂದರೆ ಬಹುಪಾಲು ಕಡಿಮೆಯಾಗುತ್ತದೆ. 50ರಲ್ಲೂ 1.4ಕ್ಕೆ ಇದು ಇದೆ, ಜೊತೆಗೆ ಕಾಂಟ್ರಾಸ್ಟ್ ತುಸು ಪೇಲವ, ಎಫ್/2ಕ್ಕೆ ಚೇತರಿಸಿಕೊಳ್ಳುತ್ತದೆ.

ಬೆಳಕಿನ ಲೆಕ್ಕದಲ್ಲಿ 50ಕ್ಕೆ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಲಾಭ: ಅಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600 ಸಾಕಾದರೆ 85ಕ್ಕೆ 2500. ಮಂಟಪದ ಬೆಳಕಿನಲ್ಲಿ ಇದು ತಿಳಿಯುತ್ತದೆ, ಆದರೆ ಲೆನ್ಸ್ ಬದಲಿಸುವಷ್ಟಲ್ಲ. ಜನ ಅಲುಗುವುದರಿಂದ ಎರಡರಲ್ಲೂ ಶಟರ್ ವೇಗ 1/200 ಸೆಕೆಂಡಿಗಿಂತ ಕೆಳಗೆ ಇಳಿಯಬೇಡಿ. ನಡುಮಧ್ಯಾಹ್ನ ಸಮಸ್ಯೆ ಉಲ್ಟಾ: ಐಎಸ್ಒ 100ರಲ್ಲಿ ಎಫ್/1.8ಕ್ಕೆ 1/8000 ಬೇಕಾಗುತ್ತದೆ, ಎಫ್/1.4ಕ್ಕೆ 1/13000. ಶಟರ್ 1/4000ಕ್ಕೆ ನಿಲ್ಲುವ ಬಾಡಿಗೆ ಬೆಳಕು ತಗ್ಗಿಸುವ ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ, ಇಲ್ಲವೇ ನೆರಳಿಗೆ ಬನ್ನಿ.

ನನ್ನ ಕೆಲಸ ಹೆಚ್ಚು ಹೊರಾಂಗಣದ್ದು, ಹಾಗಾಗಿ 85 ಕೊಂಡೆ. ನಾಮಕರಣ, ಸೀಮಂತದಂಥ ಮನೆಯೊಳಗಿನ ಕೆಲಸವೇ ನಿಮ್ಮದಾದರೆ 50 ತಗೊಳ್ಳಿ, ಯೋಚಿಸಬೇಡಿ. ಬಾಡಿ 1.5 ಕ್ರಾಪ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಆಗಿದ್ದರೂ 50ನ್ನೇ ತಗೊಳ್ಳಿ: ಅದು 75ರಂತೆ ಕಾಣುತ್ತದೆ, 85 ಆದರೆ 127ಕ್ಕೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹಿಂದಿನ ಲಿವರ್ ಸರಿಸಿ ಅಪರ್ಚರ್ ತೆರೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನಲ್ಲಿ ಇದ್ದು ಬಂದ ಲೆನ್ಸ್‌ನಲ್ಲಿ ವಿಶೇಷವಾಗಿ ಹುಡುಕಿ. ಆಮೇಲೆ ಟ್ರೈಪಾಡ್ ಮೇಲಿಟ್ಟು, 45 ಡಿಗ್ರಿ ಓರೆಯಾಗಿಟ್ಟ ಅಳತೆಪಟ್ಟಿಗೆ ವ್ಯೂಫೈಂಡರಿನಲ್ಲಿ ಐದು ಸಲ, ಲೈವ್ ವ್ಯೂನಲ್ಲಿ ಐದು ಸಲ ಫೋಕಸ್ ಮಾಡಿ ತೆಗೆಯಿರಿ. ವ್ಯೂಫೈಂಡರಿನ ಐದೂ ಒಂದೇ ಕಡೆಗೆ ಸರಿದಿದ್ದರೆ ಬಾಡಿಯ ಮೆನುವಿನಲ್ಲಿ ಫೋಕಸ್ ತಿದ್ದುವ ಎಎಫ್ ಫೈನ್ ಟ್ಯೂನ್‌ನಲ್ಲಿ ಸರಿಪಡಿಸಬಹುದು. ಐದೂ ಐದು ಕಡೆ ಇದ್ದರೆ ಆ ಲೆನ್ಸ್ ವಾಪಸ್ ಕೊಟ್ಟುಬಿಡಿ.