ಟ್ರೇಡ್ ರೂಮರ್ ಬಂದಾಗ ವಾದಕ್ಕಿಳಿಯೋ ಮುಂಚೆ ಏನೇನ್ ನೋಡ್ಕೋಬೇಕು

ಜುಲೈ ಕೊನೇ ವಾರ ಬಂತು ಅಂದ್ರೆ ಮೇಜರ್ ಲೀಗ್ ಬೇಸ್‌ಬಾಲ್ ಫಾಲೋ ಮಾಡೋರಿಗೆ ಫೋನ್ ಕೆಳಗಿಡಕ್ಕಾಗಲ್ಲ, ಟೀಮ್‌ಗಳು ಆಟಗಾರರನ್ನ ಅದಲುಬದಲು ಮಾಡ್ಕೊಳೋ ಟ್ರೇಡ್‌ಗಳಿಗೆ ಡೆಡ್‌ಲೈನ್ ಹತ್ರ ಬಂದಿರುತ್ತೆ. ಯಾರೋ ಒಬ್ಬ ರಿಪೋರ್ಟರ್ ಇಂಥ ಟೀಮ್‌ನೋರು ಇಂಥ ಪಿಚರ್ (ಬಾಲ್ ಎಸೆಯೋನು) ಬಗ್ಗೆ ವಿಚಾರಿಸ್ತಿದಾರೆ ಅಂತ ಒಂದು ಸಾಲು ಹಾಕಿದ್ರೆ ಸಾಕು, ಹತ್ತೇ ನಿಮಿಷದಲ್ಲಿ ಅರ್ಧ ಜನ ಏನ್ ಕೇಳ್ತಾರೋ ಕೊಟ್ಟು ಕರ್ಕೊಂಡ್ ಬನ್ನಿ ಅಂತಾರೆ, ಇನ್ನರ್ಧ ಜನ ಆ ಹುಡುಗನ್ನ ಕೊಟ್ರೆ ನಾನ್ ಈ ಟೀಮ್ ನೋಡೋದೇ ಬಿಡ್ತೀನಿ ಅಂತಾರೆ, ಆ ಪಿಚರ್ ಕಾಂಟ್ರ್ಯಾಕ್ಟ್‌ನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಅಂತ ಮಾತ್ರ ಇಬ್ರೂ ನೋಡಿರಲ್ಲ. ನಾನೂ ಸುಮಾರು ವರ್ಷ ಹಂಗೇ ಬರೀ ಹೆಸರು ನೋಡಿ ಕಿತ್ತಾಡಿದೀನಿ. ಈಗ ಒಂದು ಕ್ರಮ ಇಟ್ಕೊಂಡಿದೀನಿ, ಅದನ್ನೇ ಇಲ್ಲಿ ಬರೀತಿದೀನಿ, ಬೇಕಾದ್ರೆ ನೀವೂ ಇಟ್ಕೊಳಿ.

ಮೊದಲನೇದು, ಆ ರೂಮರ್‌ಗೆ ಜೀವ ಇದ್ಯಾ ನೋಡಿ. "ಆಸಕ್ತಿ ಇದೆ", "ಫೋನ್ ಮಾಡಿ ಕೇಳಿದಾರೆ" ಅನ್ನೋದೆಲ್ಲ ಏನೂ ಇಲ್ಲದಕ್ಕೆ ಸಮ, ಯಾಕಂದ್ರೆ ಆ ವಾರ ಎಲ್ರೂ ಎಲ್ರಿಗೂ ಫೋನ್ ಮಾಡ್ತಿರ್ತಾರೆ. ಹೆಸರು ಹೆಸರಾಗಿ ಆ ಕಡೆ ಯಾರು ಈ ಕಡೆ ಯಾರು ಅಂತ ಬಂದಾಗ ಸ್ವಲ್ಪ ಕಿವಿ ಕೊಡಿ. "ಒಪ್ಪಿಗೆ ಆಗಿದೆ, ಮೆಡಿಕಲ್ ಬಾಕಿ" ಅಂತ ಬಂದ್ರೆ ಆಗ ಕೂತ್ಕೊಂಡು ಯೋಚ್ನೆ ಮಾಡಿ, ಆದ್ರೆ ಆಗ್ಲೂ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಬೇಡಿ. ಸುದ್ದಿ ಹೊರಗೆ ಬಿಟ್ಟೋರು ಯಾರು, ಅವರಿಗೇನು ಲಾಭ ಅನ್ನೋದೂ ತಲೇಲಿರ್ಲಿ. ಮಾರೋ ಟೀಮ್‌ಗೆ ಬೆಲೆ ಏರಿಸ್ಬೇಕಿರುತ್ತೆ, "ಇನ್ನೂ ಮೂರು ಟೀಮ್ ಕೇಳ್ತಿವೆ" ಅಂತ ಗಾಳಿಗೆ ಬಿಟ್ಟರೆ ಖರ್ಚೇನೂ ಇಲ್ಲ.

ಇದಕ್ಕೆ 2015ರ ವಿಲ್ಮರ್ ಫ್ಲೋರೆಸ್ ಕಥೆಗಿಂತ ಒಳ್ಳೆ ಪಾಠ ಇಲ್ಲ. ಜುಲೈ 29, ನ್ಯೂಯಾರ್ಕ್ ಮೆಟ್ಸ್ ತಮ್ಮ ಸಿಟಿ ಫೀಲ್ಡ್‌ನಲ್ಲಿ ಆಡ್ತಿದಾರೆ, ಮ್ಯಾಚ್ ನಡೀತಿರೋವಾಗ್ಲೇ ಸುದ್ದಿ ಬಂತು, ಫ್ಲೋರೆಸ್ ಮತ್ತೆ ಪಿಚರ್ ಝ್ಯಾಕ್ ವೀಲರ್ ಇಬ್ರನ್ನೂ ಮಿಲ್ವಾಕಿ ಬ್ರೂವರ್ಸ್‌ಗೆ ಕೊಟ್ಟು ಕಾರ್ಲೋಸ್ ಗೋಮೆಜ್‌ನ ತರ್ತಿದಾರೆ ಅಂತ. ಸ್ಟ್ಯಾಂಡ್‌ನಲ್ಲಿದ್ದ ಜನ ಫೋನಲ್ಲಿ ಓದಿ ಅವನಿಗೆ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ಅವನಿಗೂ ಹೆಂಗೋ ವಿಷಯ ಗೊತ್ತಾಯ್ತು, ಹದಿನಾರನೇ ವಯಸ್ಸಿಂದ ಇದ್ದ ಟೀಮ್ ಅದು, ಪಾಪ ಫೀಲ್ಡಿಂಗ್ ಮಾಡ್ತಾ ಮಾಡ್ತಾನೇ ಕಣ್ಣೊರೆಸ್ಕೊಂಡ, ಮ್ಯಾನೇಜರ್ ಟೆರ್ರಿ ಕಾಲಿನ್ಸ್‌ಗೆ ವಿಷಯಾನೇ ಗೊತ್ತಿಲ್ಲ. ಕೊನೆಗೆ ಆ ಟ್ರೇಡ್ ಆಗ್ಲೇ ಇಲ್ಲ! ಗೋಮೆಜ್‌ನ ಸೊಂಟದ ಮೆಡಿಕಲ್ ರಿಪೋರ್ಟ್ ನೋಡಿ ಮೆಟ್ಸ್ ಹಿಂದೆ ಸರಿದ್ರು ಅಂತ ಹೊರಗೆ ಬಂತು. ಎರಡು ದಿನ ಬಿಟ್ಟು ಅದೇ ಫ್ಲೋರೆಸ್ ವಾಷಿಂಗ್ಟನ್ ನ್ಯಾಷನಲ್ಸ್ ಮೇಲೆ 12ನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಮ್ಯಾಚ್ ಮುಗಿಸಿದ, ಮತ್ತೆ ಅದೇ ದಿನ ಮೆಟ್ಸ್ ಡೆಟ್ರಾಯ್ಟ್‌ನಿಂದ ಯೋಯೆನಿಸ್ ಸೆಸ್ಪೆಡೆಸ್‌ನ ತಂದ್ರು, ಆ ವರ್ಷ ವರ್ಲ್ಡ್ ಸೀರೀಸ್‌ವರೆಗೂ, ಅಂದ್ರೆ ಫೈನಲ್‌ವರೆಗೂ ಹೋದ್ರು. 29ನೇ ತಾರೀಖು ರಾತ್ರಿ ಪೂರ್ತಿ ಆ ಟ್ರೇಡ್ ಸರಿನಾ ತಪ್ಪಾ ಅಂತ ಗಂಟಲು ಹರ್ಕೊಂಡೋರೆಲ್ಲ ಇಲ್ಲದಿರೋ ವಸ್ತು ಬಗ್ಗೆ ಜಗಳ ಆಡಿದ್ರು.

ಸರಿ, ರೂಮರ್‌ಗೆ ಜೀವ ಇದೆ ಅಂತಿಟ್ಕೊಳಿ. ಮುಂದಿನ ಕೆಲಸ ವರ್ಷ ಲೆಕ್ಕ ಹಾಕೋದು, ನನ್ನ ಪ್ರಕಾರ ಮುಕ್ಕಾಲು ಪಾಲು ವಿಷಯ ಇರೋದು ಇಲ್ಲೇ. ಟ್ರೇಡ್ ಅಂದ್ರೆ ಮೂಲದಲ್ಲಿ ವರ್ಷಗಳ ವ್ಯಾಪಾರ, ಒಬ್ಬರು ಈ ಅಕ್ಟೋಬರ್ (ಪ್ಲೇಆಫ್ ನಡೆಯೋ ತಿಂಗಳು) ಕೊಂಡ್ಕೋತಾರೆ ಇನ್ನೊಬ್ಬರು ಮುಂದಿನ ನಾಲ್ಕೈದು ವರ್ಷ ಕೊಂಡ್ಕೋತಾರೆ. ಮೇಜರ್ ಲೀಗ್‌ನಲ್ಲಿ ಒಬ್ಬ ಆಟಗಾರ 6 ವರ್ಷ ಸರ್ವಿಸ್ ಮುಗಿಸೋವರೆಗೂ ಟೀಮ್ ಹಿಡಿತದಲ್ಲೇ ಇರ್ತಾನೆ, ಆಮೇಲೆ ಫ್ರೀ ಏಜೆಂಟ್, ಅಂದ್ರೆ ಯಾವ ಟೀಮ್ ಜೊತೆ ಬೇಕಾದ್ರೂ ಸೇರಬಹುದು. ಒಂದು ವರ್ಷ ಸರ್ವಿಸ್ ಅಂದ್ರೆ 172 ದಿನ. ಮೊದಲ ಮೂರು ವರ್ಷ ಹೆಚ್ಚೂಕಮ್ಮಿ ಲೀಗ್‌ನ ಕನಿಷ್ಠ ಸಂಬಳ, ಆಮೇಲೆ ಮೂರು ವರ್ಷ ಆರ್ಬಿಟ್ರೇಷನ್ (ಮಾತು ಕೂಡದಿದ್ರೆ ಮಧ್ಯಸ್ಥರು ಸಂಬಳ ತೀರ್ಮಾನ ಮಾಡೋದು) ಅಂತ ವರ್ಷವರ್ಷ ಏರುತ್ತೆ. ಅಂದ್ಮೇಲೆ 25ನೇ ವಯಸ್ಸಿನ, ಒಂದೇ ವರ್ಷ ಆಡಿರೋ ಸುಮಾರಾದ ಶಾರ್ಟ್‌ಸ್ಟಾಪ್, ಸೆಪ್ಟೆಂಬರ್‌ಗೆ ಕಾಂಟ್ರ್ಯಾಕ್ಟ್ ಮುಗಿಯೋ ದೊಡ್ಡ ಸ್ಟಾರ್‌ಗಿಂತ ಟೀಮ್‌ಗೆ ಬೆಲೆಬಾಳೋ ಆಸ್ತಿ ಆಗಿರಬಹುದು, ಕೇಳೋಕೆ ವಿಚಿತ್ರ ಅನ್ಸಿದ್ರೂ.

ಹುವಾನ್ ಸೋಟೋ ಟ್ರೇಡ್ ತಗೊಳಿ. ಆಗಸ್ಟ್ 2022, ವಯಸ್ಸು 23, ನ್ಯಾಷನಲ್ಸ್ ಕೊಟ್ಟ 15 ವರ್ಷ 44 ಕೋಟಿ ಡಾಲರ್ ಆಫರ್ ಬೇಡ ಅಂದಿದ್ದ. ಸ್ಯಾನ್ ಡಿಯಾಗೋ ಪ್ಯಾಡ್ರೆಸ್ ಅವನ ಜೊತೆ ಜಾಶ್ ಬೆಲ್‌ನೂ ತಗೊಂಡು ಆರು ಜನನ್ನ ಕೊಟ್ರು, ಅದ್ರಲ್ಲಿ ಸಿಜೆ ಅಬ್ರಾಮ್ಸ್, ಮೆಕೆಂಝಿ ಗೋರ್, ಜೇಮ್ಸ್ ವುಡ್ ಎಲ್ಲ ಇದ್ರು. ಎಷ್ಟೊಂದು ಕೊಟ್ಬಿಟ್ರು ಅಂತ ಬಾಯಿ ಬಡ್ಕೊಂಡೋರು ಸೋಟೋ ಜೊತೆ ಮೂರು ಅಕ್ಟೋಬರ್ ಬಂದ್ವು ಅನ್ನೋದನ್ನ ಮರೆತ್ರು, 2022, 23, 24. ಪ್ಯಾಡ್ರೆಸ್ ಎರಡು ಬಳಸಿ, ಮೂರನೇದನ್ನ 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿ ಮೈಕಲ್ ಕಿಂಗ್ ಮತ್ತಿತರರನ್ನ ವಾಪಸ್ ತಂದ್ರು. ಉಳಿದ ವರ್ಷಗಳನ್ನ ಮತ್ತೆ ಮಾರಬಹುದು ಅನ್ನೋದು ವಾದದಲ್ಲಿ ಯಾರಿಗೂ ನೆನಪಿಗೇ ಬರಲ್ಲ ನೋಡಿ.

ಇದಕ್ಕೆ ಉಲ್ಟಾ 2016ರ ಪಿಚರ್ ಅರೋಲ್ಡಿಸ್ ಚಾಪ್‌ಮನ್ ಟ್ರೇಡ್. ಶಿಕಾಗೋ ಕಬ್ಸ್‌ಗೆ ಸಿಕ್ಕಿದ್ದು ಮೂರು ತಿಂಗಳ ಚಾಪ್‌ಮನ್ ಅಷ್ಟೇ, ಕೊಟ್ಟಿದ್ದು ಗ್ಲೇಬರ್ ಟೋರೆಸ್ ಸೇರಿ ನಾಲ್ಕು ಜನ, ಚಳಿಗಾಲ ಬರೋ ಹೊತ್ತಿಗೆ ಚಾಪ್‌ಮನ್ ಫ್ರೀ ಏಜೆಂಟ್ ಆಗಿ ಯಾಂಕೀಸ್‌ಗೇ ವಾಪಸ್ ಹೋದ. ಕಾಗದದ ಮೇಲೆ ಕಬ್ಸ್‌ಗೆ ನಷ್ಟ. ಆದ್ರೆ 1908ರಿಂದ ಕಾದಿದ್ದ ಟ್ರೋಫಿ ಆ ವರ್ಷ ಬಂತು, ಈಗ ಯಾವ ಕಬ್ಸ್ ಫ್ಯಾನ್‌ನ ಕೇಳಿದ್ರೂ ಟೋರೆಸ್‌ಗೋಸ್ಕರ ಅಳಲ್ಲ. ಹಂಗಾಗಿ ವರ್ಷ ಲೆಕ್ಕ ಹಾಕಿದ್ಮೇಲೆ ಕೇಳ್ಕೋಬೇಕಾದ್ದು, ಕೊಳ್ಳೋ ಟೀಮ್ ಈಗ ಎಲ್ಲಿದೆ ಅಂತ. ಗೆಲ್ಲೋ ಹತ್ರ ಇರೋ ಟೀಮ್‌ಗೆ ಮೂರು ತಿಂಗಳು ಬಂಗಾರ, ವೈಲ್ಡ್ ಕಾರ್ಡ್‌ಗೆ (ಡಿವಿಷನ್ ಗೆಲ್ಲದಿದ್ರೂ ಪ್ಲೇಆಫ್‌ಗೆ ಹೋಗೋ ಜಾಗ) ಏಳು ಗೇಮ್ ಹಿಂದಿರೋ ಟೀಮ್ ಅದೇ ಬೆಲೆ ಕೊಟ್ರೆ ಶುದ್ಧ ಹುಚ್ಚು.

ಆಮೇಲೆ ದುಡ್ಡು. ಯಾರ ಸಂಬಳ ಯಾರು ಕೊಡ್ತಾರೆ ಅನ್ನೋದು ಗೊತ್ತಾಗದೆ ಟ್ರೇಡ್‌ಗೆ ಮಾರ್ಕ್ಸ್ ಕೊಡಕ್ಕಾಗಲ್ಲ. ಜಿಯಾನ್‌ಕಾರ್ಲೋ ಸ್ಟ್ಯಾಂಟನ್ 2017ರಲ್ಲಿ 59 ಹೋಮ್ ರನ್ ಹೊಡೆದು ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ) ಆದವನು, ಆ ಡಿಸೆಂಬರ್‌ನಲ್ಲೇ ಮಯಾಮಿ ಮಾರ್ಲಿನ್ಸ್ ಅವನನ್ನ ಯಾಂಕೀಸ್‌ಗೆ ಕೊಟ್ಟು ತಗೊಂಡಿದ್ದು ಸ್ಟಾರ್ಲಿನ್ ಕ್ಯಾಸ್ಟ್ರೋ ಮತ್ತೆ ಇಬ್ರು ಕೆಳಗಿನ ಲೆವೆಲ್ ಹುಡುಗರು. ಎಂವಿಪಿಗೆ ಇಷ್ಟೇನಾ ಅಂದ್ರೆ, ಅವನ ಮೇಲೆ ಇನ್ನೂ 10 ವರ್ಷ 29.5 ಕೋಟಿ ಡಾಲರ್ ಬಾಕಿ ಇತ್ತು, ಮೂಗಿಗಿಂತ ಮೂಗುತಿ ಭಾರ. 2020ರಲ್ಲಿ ಬಾಸ್ಟನ್ ಮೂಕಿ ಬೆಟ್ಸ್‌ನ ಡಾಡ್ಜರ್ಸ್‌ಗೆ ಕೊಟ್ಟಾಗ್ಲೂ ಜೊತೆಗೆ ಡೇವಿಡ್ ಪ್ರೈಸ್‌ನ ದುಬಾರಿ ಕಾಂಟ್ರ್ಯಾಕ್ಟ್ ಅಂಟಿಸಿ ಕಳಿಸಿದ್ರು. ಅಂಟಿಸಿದಷ್ಟೂ ವಾಪಸ್ ಬರೋ ಆಟಗಾರರ ಕ್ವಾಲಿಟಿ ಕಮ್ಮಿ ಆಗುತ್ತೆ, ಅದು ಲೆಕ್ಕ. ಕೊಳ್ಳೋ ಟೀಮ್ ಲಕ್ಷುರಿ ಟ್ಯಾಕ್ಸ್ (ಒಟ್ಟು ಸಂಬಳ ಮಿತಿ ಮೀರಿದ್ರೆ ಕಟ್ಟೋ ದಂಡ) ಗೆರೆ ದಾಟ್ತಾ ಇದ್ಯಾ ಅಂತಾನೂ ನೋಡಿ, 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್ ಇತ್ತು, ಮೊದಲ ಸಲ ದಾಟಿದ್ರೆ ಮೇಲಿನ ಮೊತ್ತಕ್ಕೆ 20 ಪರ್ಸೆಂಟ್, ಸತತ ಮೂರನೇ ವರ್ಷಕ್ಕೆ 50 ಪರ್ಸೆಂಟ್. ಓನರ್ ಹತ್ರ ದುಡ್ಡಿದೆ ಬಿಡಿ ಅನ್ನೋ ವಾದ ನಂಗೂ ಇಷ್ಟಾನೇ, ಆದ್ರೆ ಓನರ್ ಹಂಗೆ ಯೋಚ್ನೆ ಮಾಡಲ್ವಲ್ಲ.

ಬೇಡ ಅನ್ನೋ ಹಕ್ಕು ಯಾರಿಗಿದೆ ಅನ್ನೋದನ್ನ ಎರಡು ನಿಮಿಷದಲ್ಲಿ ನೋಡ್ಬಿಡಿ. ಮೇಜರ್ ಲೀಗ್‌ನಲ್ಲಿ 10 ವರ್ಷ ಆಡಿ ಕೊನೇ 5 ವರ್ಷ ಒಂದೇ ಟೀಮ್‌ನಲ್ಲಿದ್ರೆ ಆಟಗಾರ ಯಾವ ಟ್ರೇಡ್‌ನ ಬೇಕಾದ್ರೂ ತಡೀಬಹುದು, ಕೆಲವರ ಕಾಂಟ್ರ್ಯಾಕ್ಟ್‌ನಲ್ಲೇ ನೋ ಟ್ರೇಡ್ ಷರತ್ತು ಬರೆದಿರುತ್ತೆ. ಸ್ಟ್ಯಾಂಟನ್‌ಗೆ ಅದಿತ್ತು, ಜೈಂಟ್ಸ್ ಮತ್ತೆ ಕಾರ್ಡಿನಲ್ಸ್ ಇಬ್ರೂ ಮಾರ್ಲಿನ್ಸ್ ಜೊತೆ ಮಾತು ಮುಗಿಸಿದ್ರೂ ಅವನು ಒಲ್ಲೆ ಅಂದ. ಸೋಟೋ ಟ್ರೇಡ್‌ನಲ್ಲಿ ಎರಿಕ್ ಹಾಸ್ಮರ್ ನಾನ್ ವಾಷಿಂಗ್ಟನ್‌ಗೆ ಹೋಗಲ್ಲ ಅಂದಿದ್ಕೆ ಕೊನೇ ಗಳಿಗೇಲಿ ಬದಲಿಗೆ ಲೂಕ್ ವಾಯ್ಟ್ ಹೋದ.

ಇನ್ನು ಜಗಳದ ಬೇರು ಇರೋದು ನಮ್ಮ ಟೀಮ್‌ನ ಹುಡುಗರ ವಿಷಯದಲ್ಲಿ, ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರಲ್ಲ ಹಂಗೆ. ನಮ್ಮ ಡಬಲ್ ಎ (ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಮೈನರ್ ಲೀಗ್) ಪಿಚರ್ ನಾಳಿನ ಸ್ಟಾರ್, ಅವರ ಡಬಲ್ ಎ ಪಿಚರ್ ಬರೀ ಲಾಟರಿ ಟಿಕೆಟ್. ಇದಕ್ಕೆ ನಾನ್ ಮಾಡೋ ಉಪಾಯ ಸುಲಭ, ಹೆಸರು ಅಳಿಸಿಬಿಡೋದು. ಒಂದು ಚೀಟಿ ಮೇಲೆ ಬರೀ ವಯಸ್ಸು, ಪೊಸಿಷನ್, ಯಾವ ಲೆವೆಲ್‌ನಲ್ಲಿ ಆಡ್ತಿದಾನೆ, ಎಷ್ಟ್ ವರ್ಷ ಹಿಡಿತದಲ್ಲಿರ್ತಾನೆ, ಸಂಬಳ ಎಷ್ಟು, ಈ ವರ್ಷ ಗಾಯ ಆಗಿತ್ತಾ, ಇಷ್ಟೇ ಬರೆದು ಟ್ರೇಡ್‌ನ ತಿರುಗಿಸಿ ಇಟ್ಟು, ನಾನ್ ಆ ಕಡೆ ಟೀಮ್‌ನೋನಾಗಿದ್ರೆ ಇದಕ್ಕೆ ಹೂಂ ಅಂತಿದ್ನಾ ಅಂತ ಕೇಳ್ಕೋತೀನಿ. ಹತ್ತರಲ್ಲಿ ಎಂಟು ಸಲ ನನ್ನ ಪ್ಲಾನ್ ನಂಗೇ ನಾಚಿಕೆ ಬರೋ ಥರ ಇರುತ್ತೆ. ಮೂರು ಬೆಂಚ್ ಆಟಗಾರರನ್ನ ಕೊಟ್ಟು ಏಸ್ ಪಿಚರ್ ತರೋ ಪ್ಲಾನ್ ಹಾಕೋರಿಗಂತೂ ನೇರವಾಗಿ ಹೇಳಿ, ಆ ಕಡೆ ಕೂತಿರೋರು ದಡ್ಡರಲ್ಲ. ಹಂಗಂತ ಹುಡುಗರನ್ನ ಸುಮ್ನೆ ಸುರಿಯೋದೂ ಅಪಾಯ, 2018ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ರಿಸ್ ಆರ್ಚರ್‌ಗೋಸ್ಕರ ಟ್ಯಾಂಪಾ ಬೇ ರೇಸ್‌ಗೆ ಟೈಲರ್ ಗ್ಲಾಸ್‌ನೌ, ಆಸ್ಟಿನ್ ಮೆಡೋಸ್ ಜೊತೆ ಇನ್ನೊಬ್ಬನ್ನೂ ಕೊಟ್ರು, ಆ ಇನ್ನೊಬ್ಬನ ವಿಷಯಕ್ಕೆ ಆಮೇಲೆ ಬರ್ತೀನಿ.

ಮಧ್ಯೆ ಸಣ್ಣಪುಟ್ಟ ರೂಲ್ಸ್ ಹೇಳ್ಬಿಡ್ತೀನಿ, ಇವು ಗೊತ್ತಿಲ್ಲದೆ ಮಾತಾಡಿದ್ರೆ ಮರ್ಯಾದೆ ಹೋಗುತ್ತೆ. ಬೇರೆ ಅಮೆರಿಕನ್ ಲೀಗ್‌ಗಳ ಥರ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನ ಆರಿಸ್ಕೊಳೋ ಸರದಿ) ಸೇರಿಸಿ ಅನ್ನಬೇಡಿ, ಬೇಸ್‌ಬಾಲ್‌ನಲ್ಲಿ ಸಣ್ಣ ಟೀಮ್‌ಗಳಿಗೆ ಹೆಚ್ಚುವರಿಯಾಗಿ ಕೊಡೋ ಕಾಂಪಿಟಿಟಿವ್ ಬ್ಯಾಲೆನ್ಸ್ ಪಿಕ್ ಬಿಟ್ರೆ ಮಿಕ್ಕಿದ್ದನ್ನ ಟ್ರೇಡ್ ಮಾಡೋ ಹಾಗಿಲ್ಲ. ಡೆಡ್‌ಲೈನ್ ದಾಟಿದ್ಮೇಲೆ ಆಗಸ್ಟ್‌ನಲ್ಲಿ ಮೇಜರ್ ಲೀಗ್ ಆಟಗಾರರನ್ನ ಟ್ರೇಡ್ ಮಾಡೋದು 2019ರಿಂದ ನಿಂತಿದೆ, ಮುಗಿದ್ರೆ ಮುಗೀತು. ಸೀಸನ್ ಮಧ್ಯೆ ತಂದ ಆಟಗಾರನಿಗೆ ಆ ಟೀಮ್ ಕ್ವಾಲಿಫೈಯಿಂಗ್ ಆಫರ್ (ಫ್ರೀ ಏಜೆಂಟ್ ಆಗೋನಿಗೆ ಹಳೇ ಟೀಮ್ ಕೊಡೋ ಒಂದು ವರ್ಷದ ಆಫರ್) ಕೊಡಕ್ಕಾಗಲ್ಲ, ಅಂದ್ರೆ ಅವನು ಬಿಟ್ಟು ಹೋದ್ರೆ ಪರಿಹಾರವಾಗಿ ಡ್ರಾಫ್ಟ್ ಪಿಕ್ ಕೂಡ ಸಿಗಲ್ಲ. ಇಬ್ರನ್ನ ಕೊಟ್ಟು ಐದು ಜನನ್ನ ತರ್ತೀವಿ ಅಂದ್ರೆ 40 ಜನರ ರೋಸ್ಟರ್‌ನಲ್ಲಿ ಜಾಗ ಎಲ್ಲಿದೆ, ಯಾರನ್ನ ಹೊರಗೆ ಹಾಕ್ತೀರ?

ಹಳೇ ಟ್ರೇಡ್ ತಂದು ವಾದ ಮಾಡೋರು ಸಿಕ್ಕೇ ಸಿಗ್ತಾರೆ, ಅವರಿಗೆ ತಯಾರಿರಿ. ಎಲ್ರ ಬಾಯಲ್ಲೂ ಇರೋದು 1987ರ ಡಾಯ್ಲ್ ಅಲೆಕ್ಸಾಂಡರ್, ಜಾನ್ ಸ್ಮೋಲ್ಟ್ಸ್ ಕಥೆ. ಡೆಟ್ರಾಯ್ಟ್ ಟೈಗರ್ಸ್ ಆಗಸ್ಟ್‌ನಲ್ಲಿ 36 ವರ್ಷದ ಅಲೆಕ್ಸಾಂಡರ್‌ಗೋಸ್ಕರ ಮೈನರ್ ಲೀಗ್‌ನಲ್ಲಿದ್ದ ಸ್ಮೋಲ್ಟ್ಸ್‌ನ ಅಟ್ಲಾಂಟಾಗೆ ಕೊಟ್ರು, ಸ್ಮೋಲ್ಟ್ಸ್ ಹಾಲ್ ಆಫ್ ಫೇಮ್‌ಗೆ ಹೋದ, ಅದಕ್ಕೇ ಹುಡುಗರನ್ನ ಕೊಡಲೇಬಾರದು ಅಂತಾರೆ. ಆದ್ರೆ ಅಲೆಕ್ಸಾಂಡರ್ ಬಂದು 9 ಗೆದ್ದ, ಒಂದೂ ಸೋಲಲಿಲ್ಲ, ಇಆರ್‌ಎ (9 ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡೋ ರನ್ ಸರಾಸರಿ) 1.53, ಟೈಗರ್ಸ್ ಡಿವಿಷನ್ ಗೆದ್ದಿದ್ದು ಬರೀ ಎರಡು ಗೇಮ್ ಅಂತರದಲ್ಲಿ. ಅವನಿಲ್ಲದಿದ್ರೆ ಆ ಅಕ್ಟೋಬರೇ ಇರ್ತಿರ್ಲಿಲ್ಲ. ಪ್ಲೇಆಫ್‌ನಲ್ಲಿ ಅವನು ಕೈಕೊಟ್ಟ ಅನ್ನೋದು ನಿಜ, ಆದ್ರೂ ಆ ದಿನ ಟೈಗರ್ಸ್‌ಗೆ ಗೊತ್ತಿದ್ದ ವಿಷಯದ ಮೇಲೆ ಅದು ಕೆಟ್ಟ ಟ್ರೇಡ್ ಅಲ್ಲ ಅಂತ ನಾನ್ ಇವತ್ತಿಗೂ ವಾದ ಮಾಡ್ತೀನಿ, ಬೈದ್ರೂ ಪರವಾಗಿಲ್ಲ.

1964ರ ಲೂ ಬ್ರಾಕ್ ಟ್ರೇಡ್ ನೋಡಿದ್ರೂ ಅಷ್ಟೇ. ಕಬ್ಸ್‌ಗೆ ಸಿಕ್ಕ ಎರ್ನಿ ಬ್ರೋಲಿಯೋ ಹಿಂದಿನ ವರ್ಷ 18 ಗೇಮ್ ಗೆದ್ದಿದ್ದವನು, ಬ್ರಾಕ್ ಆಗ ಬ್ಯಾಟಿಂಗ್ ಸರಾಸರಿ .251 ಹೊಡೀತಿದ್ದ, ಕಬ್ಸ್‌ಗೇ ಲಾಭ ಅಂದೋರು ಬೇಕಾದಷ್ಟು ಜನ ಇದ್ರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಹೋಗಿ ಬ್ರಾಕ್ .348 ಹೊಡೆದ, ಆ ಟೀಮ್ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ರು, ಬ್ರೋಲಿಯೋ ಮೊಣಕೈ ಕೆಟ್ಟು ಕಬ್ಸ್ ಪರ ಗೆದ್ದಿದ್ದು ಒಟ್ಟು 7. ಇಲ್ಲಿ ಕಬ್ಸ್‌ನ ಬಯ್ಯಬೇಕಾದ್ರೆ ಬ್ರಾಕ್ ಮುಂದೆ ಏನಾದ ಅನ್ನೋದಕ್ಕಲ್ಲ, ಆ ಮೊಣಕೈನ ಸರಿಯಾಗಿ ಪರೀಕ್ಷೆ ಮಾಡಿಸ್ಲಿಲ್ಲ ಅನ್ನೋದಕ್ಕೆ ಬಯ್ಯಿ. ಈಗ "ಮೆಡಿಕಲ್ ಬಾಕಿ" ಅನ್ನೋ ಎರಡು ಪದಕ್ಕೆ ಅಷ್ಟು ತೂಕ ಇರೋದು ಇದಕ್ಕೇ. ಬೆಟ್ಸ್ ಟ್ರೇಡ್ ಕೂಡ ಮೊದಲು ಮಿನೆಸೋಟಾ ಸೇರಿ ಮೂರು ಟೀಮ್‌ದು, ಬ್ರುಸ್ದಾರ್ ಗ್ರಾಟೆರೋಲ್‌ನ ಮೆಡಿಕಲ್ ನೋಡಿ ಬಾಸ್ಟನ್ ತಲೆ ಕೆರ್ಕೊಂಡ್ಮೇಲೆ ಎಲ್ಲಾ ಬಿಚ್ಚಿ ಮತ್ತೆ ಕಟ್ಟಿದ್ರು, ಗ್ರಾಟೆರೋಲ್ ಕೊನೆಗೆ ಡಾಡ್ಜರ್ಸ್‌ಗೇ ಹೋದ.

ಕೊನೇದಾಗಿ, ಟ್ರೇಡ್ ಅಧಿಕೃತ ಆಯ್ತು, ಇನ್ನು ಗ್ರೇಡ್ ಕೊಡಬಹುದು ಅಂತ ಕೂತಾಗ ಲಿಸ್ಟ್‌ನ ಕೊನೇ ಸಾಲು ಓದಿ. "ಹೆಸರು ಆಮೇಲೆ ತಿಳಿಸಲಾಗುವ ಆಟಗಾರ" ಅಂತಿದ್ರೆ ಪೆನ್ ಕೆಳಗಿಡಿ, ಆ ಹೆಸರು ಬರೋಕೆ 6 ತಿಂಗಳವರೆಗೂ ಟೈಮ್ ಇರುತ್ತೆ. ಆರ್ಚರ್ ಟ್ರೇಡ್‌ನ ಆ ಇನ್ನೊಬ್ಬ ಹಿಂಗೇ ಆಮೇಲೆ ಬಂದವನು, ಹೆಸರು ಶೇನ್ ಬಾಝ್, 2017ರ ಫಸ್ಟ್ ರೌಂಡ್ ಪಿಕ್, ಅವನ ಹೆಸರು ಬಂದ್ಮೇಲೆ ಮೊದಲ ದಿನ ಕೊಟ್ಟಿದ್ದ ಗ್ರೇಡ್‌ಗಳೆಲ್ಲ ಹರಿದು ಹಾಕೋ ಹಂಗಾಯ್ತು. ಅದಕ್ಕೂ ಮುಂಚೆ 1996ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಡೇವ್ ಹಾಲಿನ್ಸ್ ಅನ್ನೋ ಥರ್ಡ್ ಬೇಸ್‌ಮನ್‌ನ ತಗೊಂಡು ಮಿನೆಸೋಟಾ ಟ್ವಿನ್ಸ್‌ಗೆ ಹಿಂಗೇ ಆಮೇಲೆ ಒಬ್ಬನ್ನ ಕಳಿಸಿದ್ರು, ಲಿಸ್ಟ್‌ನಲ್ಲಿ ಡೇವಿಡ್ ಅರಿಯಾಸ್ ಅಂತಿತ್ತು. ಟ್ವಿನ್ಸ್‌ಗೆ ಹೋದ್ಮೇಲೆ ಆ ಹುಡುಗ ನನ್ನ ಹೆಸರು ಡೇವಿಡ್ ಓರ್ಟಿಜ್ ಅಂತ ಬರ್ಕೊಳಿ ಅಂದ, ಮುಂದೆ ಬಾಸ್ಟನ್‌ನಲ್ಲಿ ದೊಡ್ಡ ಸ್ಟಾರ್ ಆದವನು ಇವನೇ. ಟ್ವಿನ್ಸ್ ಗೆದ್ರು ಅಂತ ಈಗ್ಲೇ ಬರೀಬೇಡಿ, 2002ರ ಡಿಸೆಂಬರ್‌ನಲ್ಲಿ ಅವರೂ ಅವನನ್ನ ಬಿಟ್ಟುಬಿಟ್ರು, ಬಾಸ್ಟನ್ ಯಾರನ್ನೂ ಕೊಡದೆ ಸುಮ್ನೆ ಕರ್ಕೊಂಡ್ ಹೋಯ್ತು.